ಅಕ್ಕನ ಪ್ರಶ್ನೆಗೆ ಉತ್ತರ: ಸೋಯಾ ಸಾಸ್ ಮೊಟ್ಟೆ ಅನ್ನ

ಅಕ್ಕ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಆದ್ದರಿಂದ ಬಿಡುವಾದಾಗ ಕೇಳು. ಮೊಟ್ಟೆಯ ಹೆಸರೆತ್ತಿದರೇ ಮುಖ ತಿರುಗಿಸುವ ದೊಡ್ಡಪ್ಪನವರು ಇದನ್ನು ಇಲ್ಲಿಗೇ ನಿಲ್ಲಿಸಿ ಮುಂದಿನ ಸಂದೇಶಕ್ಕೆ ಹೋಗಬಹುದು. ಬೆಂಗಳೂರಿನ ಪಿ.ಜಿ.ಯಲ್ಲಿರುವ ಪುಟ್ಟಿ ಯಾವುದೋ ಕೊರಿಯನ್ ಧಾರಾವಾಹಿಯಲ್ಲಿ ಬಿಸಿ ಅನ್ನದ ಮೇಲೆ ಮೊಟ್ಟೆ ಇಟ್ಟು ಕಲಸಿ ತಿನ್ನುವುದನ್ನು ನೋಡಿದ್ದಾಳೆ, ಈ ವಾರಾಂತ್ಯ ಮನೆಗೆ ಬಂದಾಗ ತಾನೇ ಅದನ್ನು ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ ಎಂದೆ. ನಮ್ಮ ಸೋನಾ ಮಸೂರಿ ಆಗುತ್ತದೆಯೇ, ಗೋಬಿ ಮಂಚೂರಿಗೆಂದು ತಂದಿಟ್ಟ ಸೋಯಾ ಸಾಸ್ ಸಾಕೇ, ಮನೆಯ ಎಳ್ಳೆಣ್ಣೆ ನಡೆಯುತ್ತದೆಯೇ, ಭಾವನವರ ರಕ್ತದೊತ್ತಡಕ್ಕೆ ತೊಂದರೆಯಿಲ್ಲವೇ ಎಂದು ಒಂದೇ ಉಸಿರಿನಲ್ಲಿ ಕೇಳಿದ್ದೀಯ. ಒಂದೊಂದನ್ನೇ ಹೇಳುತ್ತೇನೆ.

ಇಲ್ಲಿ ದಕ್ಷಿಣ ಕೊರಿಯಾದ ಸುವೋನ್‌ನಲ್ಲಿ ಇದನ್ನು ಗ್ಯೆರಾನ್ ಬಾಪ್ ಎನ್ನುತ್ತಾರೆ, ಸೋಯಾ ಸಾಸ್ ಬೆರೆಸುವುದರಿಂದ ಗಾನ್‌ಜಾಂಗ್ ಗ್ಯೆರಾನ್ ಬಾಪ್ ಎಂದೂ ಕರೆಯುತ್ತಾರೆ. ಇದು ನೆಂಟರು ಬಂದಾಗ ಬಡಿಸುವ ಅಡುಗೆಯಲ್ಲ. ಶಾಲೆಯಿಂದ ಹಸಿದು ಬಂದ ಮಗುವಿಗೆ ತಾಯಿ ಕಲಸಿ ಕೊಡುವ, ಒಂಟಿಯಾಗಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿ ಫ್ರಿಜ್‌ನಲ್ಲಿ ಏನೂ ಇಲ್ಲದ ದಿನ ಮಾಡಿಕೊಳ್ಳುವ ಊಟ. ನಮ್ಮಲ್ಲಿ ಬಿಸಿ ಅನ್ನಕ್ಕೆ ತುಪ್ಪ, ಉಪ್ಪು ಕಲಸಿ ಮಕ್ಕಳಿಗೆ ತಿನ್ನಿಸುವ ಹಾಗೆ. ಅನ್ನ, ಮೊಟ್ಟೆ, ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ ಇಷ್ಟೇ ಅದರ ಮೂಲ. ಇಷ್ಟು ಕಡಿಮೆ ಸಾಮಾನಿನ ಅಡುಗೆಯಲ್ಲಿ ಯಾವ ತಪ್ಪನ್ನೂ ಮಸಾಲೆಯಿಂದ ಮುಚ್ಚುವಂತಿಲ್ಲ, ಆದ್ದರಿಂದ ಈ ನಾಲ್ಕೂ ಸರಿಯಾಗಿರಬೇಕು. ಮುಖ್ಯವಾಗಿ ಅಕ್ಕ, ನೀನು ಪಕ್ಕದಲ್ಲಿ ನಿಂತು ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಬಾರದು. ಕೊಟ್ಟರೆ ಅದೂ ರುಚಿಯಾಗಿಯೇ ಇರುತ್ತದೆ, ಆದರೆ ಪುಟ್ಟಿ ಕೇಳಿದ್ದು ಅದಲ್ಲ.

ಮೊದಲು ಅನ್ನ. ಕೊರಿಯಾದ ಅಕ್ಕಿ ಗಿಡ್ಡ, ದುಂಡು. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆಯಿರುವುದರಿಂದ ಬೆಂದ ಅಗುಳು ಒಂದಕ್ಕೊಂದು ಅಂಟಿಕೊಂಡು ಚಮಚಕ್ಕೆ ಉಂಡೆಯಾಗಿ ಬರುತ್ತದೆ. ಸೋಯಾ ಸಾಸ್ ಮತ್ತು ಮೊಟ್ಟೆಯ ಹಳದಿ ಅಂಥ ಅಗುಳಿನ ಮೈಗೆ ಹತ್ತಿಕೊಂಡು ನಿಲ್ಲುತ್ತವೆ. ಚಿತ್ರಾನ್ನಕ್ಕೆ ನಾವು ಹಳೆಯ ಅಕ್ಕಿಯನ್ನು ಹುಡುಕುತ್ತೇವೆ, ಏಕೆಂದರೆ ಅನ್ನ ಉದುರುದುರಾಗಬೇಕು. ಇಲ್ಲಿ ಬೇಕಿರುವುದು ಅದಕ್ಕೆ ತದ್ವಿರುದ್ಧ. ಸೋನಾ ಮಸೂರಿಯೇ ಆಗಲಿ, ಆದರೆ ಅಂಗಡಿಯಲ್ಲಿ ಹೊಸ ಅಕ್ಕಿ ಕೇಳಿ ತೆಗೆದುಕೋ, ಅರ್ಧ ಗಂಟೆ ನೆನೆಸು, ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಎಂದಿಗಿಂತ ತುಸು ಮೆತ್ತಗೆ ಮಾಡು. ಗಂಜಿಯಾಗುವ ಮಟ್ಟಕ್ಕೆ ಬೇಡ. ಬಾಸ್ಮತಿ ಬೇಡವೇ ಬೇಡ. ಮಂಗಳೂರಿನ ಅತ್ತೆಯವರ ಮನೆಯ ಕುಚ್ಚಲಕ್ಕಿಯೂ ಇದಕ್ಕೆ ಒಗ್ಗುವುದಿಲ್ಲ, ಅದರ ಅಗುಳು ಬಿಡಿಬಿಡಿಯಾಗಿಯೇ ಉಳಿಯುತ್ತದೆ.

ಒಬ್ಬರಿಗೆ ಎಷ್ಟು ಅನ್ನ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸಾಸ್‌ನ ಅಳತೆ ನಿಂತಿರುವುದು ಅದರ ಮೇಲೆ. ಇಲ್ಲಿನ ಹೋಟೆಲುಗಳಲ್ಲಿ ಮುಚ್ಚಳವಿರುವ ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಅನ್ನ ಕೊಡುತ್ತಾರೆ. ಅಕ್ಕಿಯ ಬಳಕೆ ತಗ್ಗಿಸಬೇಕೆಂದು ಸರ್ಕಾರವೇ ಹೊರಟಿದ್ದ ಕಾಲದಲ್ಲಿ, 1976ರಲ್ಲಿ, ಸಿಯೋಲ್ ನಗರಾಡಳಿತ ಆ ಬಟ್ಟಲು 10.5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಇರಬೇಕೆಂದು ನಿಯಮ ಮಾಡಿತ್ತು. ಸಿಜೆ ಸಂಸ್ಥೆ 1996ರಲ್ಲಿ ತಂದ ಹೆತ್‌ಬಾನ್ ಎಂಬ ಸಿದ್ಧ ಅನ್ನದ ಡಬ್ಬಿ ಈಗ ಇಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಅದರ ಸಾಮಾನ್ಯ ಅಳತೆ 210 ಗ್ರಾಂ. ಹಾಗಾಗಿ ಒಬ್ಬರಿಗೆ ಸುಮಾರು 200 ಗ್ರಾಂ ಅನ್ನ ಎಂದಿಟ್ಟುಕೋ. ನಮ್ಮ ಭಾವನವರ ಲೆಕ್ಕದಲ್ಲಿ ಅದು ಮೊದಲ ತುತ್ತು ಎಂಬುದು ನನಗೆ ಗೊತ್ತಿದೆ.

ಇನ್ನು ಸೋಯಾ ಸಾಸ್. ಗೋಬಿ ಮಂಚೂರಿಗೆ ತರುವ ಕಪ್ಪು, ದಪ್ಪ ಸಾಸ್ ಬಣ್ಣಕ್ಕಾಗಿ ಇರುವಂಥದ್ದು. ಅದನ್ನು ಬಿಳಿ ಅನ್ನದ ಮೇಲೆ ಹಸಿಯಾಗಿ ಸುರಿದರೆ ಅನ್ನ ಕಪ್ಪಾಗುತ್ತದೆ, ನಾಲಿಗೆಯ ಮೇಲೆ ಸುಟ್ಟ ಸಕ್ಕರೆಯ ಕಹಿ ಉಳಿಯುತ್ತದೆ. ಮಂಚೂರಿಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ವಿನೆಗರ್ ಎಲ್ಲವೂ ಸೇರಿ ಆ ಕಹಿಯನ್ನು ನುಂಗಿಬಿಡುತ್ತವೆ, ಇಲ್ಲಿ ನುಂಗುವವರು ಯಾರೂ ಇಲ್ಲ. ತಿಳಿಯಾದ, ಸಹಜವಾಗಿ ಹುದುಗಿಸಿದ ಸೋಯಾ ಸಾಸ್ ಬೇಕು. ಬಾಟಲಿಯ ಹಿಂದಿನ ಚೀಟಿಯಲ್ಲಿ ಸೋಯಾ, ಗೋಧಿ, ಉಪ್ಪು, ನೀರು, ಹೆಚ್ಚೆಂದರೆ ಇನ್ನೊಂದೆರಡು ಹೆಸರುಗಳಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಗೋಧಿ ಇರುವುದರಿಂದ, ಗ್ಲುಟೆನ್ ಆಗದವರು ಯಾರಾದರೂ ಊಟಕ್ಕಿದ್ದರೆ ಮೊದಲೇ ಕೇಳಿಕೊಳ್ಳಬೇಕು.

ಬೆಂಗಳೂರಿನಲ್ಲಿ ಕೊರಿಯನ್ ಸಾಮಾನಿನ ಅಂಗಡಿಗೆ ಪುಟ್ಟಿ ಹೋಗುವುದಾದರೆ ಅಲ್ಲಿ ಗೊಂದಲವಾಗಬಾರದೆಂದು ಇದನ್ನು ಹೇಳುತ್ತೇನೆ. ಯಾಂಗ್‌ಜೋ ಎಂದಿದ್ದರೆ ಪೂರ್ತಿ ಹುದುಗಿಸಿದ್ದು, ಜಿನ್ ಎಂದಿದ್ದರೆ ಸಾಮಾನ್ಯವಾಗಿ ಬೆರಕೆ. ಎರಡೂ ಈ ಅನ್ನಕ್ಕೆ ಆಗುತ್ತವೆ. ಗುಕ್ ಎಂದಿರುವುದು ಸೂಪಿಗೆ ಬಳಸುವ ಸಾಸ್, ಬಣ್ಣದಲ್ಲಿ ತಿಳಿಯಾಗಿದ್ದರೂ ಉಪ್ಪು ಜಾಸ್ತಿ, ಅದನ್ನು ತರಬಾರದು. ಸೆಂಪಿಯೋ ಕಂಪನಿಯ ಬಾಟಲಿಗಳ ಮೇಲೆ 501, 701 ಎಂಬ ಅಂಕಿಗಳಿರುತ್ತವೆ. ಸಾಸ್‌ನಲ್ಲಿರುವ ಒಟ್ಟು ಸಾರಜನಕ ಶೇಕಡಾ 1.5, ಶೇಕಡಾ 1.7 ಎಂಬುದರ ಗುರುತು ಅದು. ಸೋಯಾದ ಪ್ರೋಟೀನ್ ಒಡೆದು ಬಂದ ರುಚಿ ಎಷ್ಟಿದೆ ಎಂಬುದನ್ನು ಆ ಅಂಕಿಯಿಂದ ಅಂದಾಜು ಮಾಡುತ್ತಾರೆ. ಈ ಊಟಕ್ಕೆ 501 ಧಾರಾಳವಾಯಿತು, 701ಕ್ಕೆ ಹೆಚ್ಚು ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಎಳ್ಳೆಣ್ಣೆಯ ವಿಷಯವನ್ನು ಮಾತ್ರ ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಅಡುಗೆಯ ಜೀವ ಇರುವುದು ಅದರಲ್ಲಿ. ನಮ್ಮ ಗಾಣದ ಎಳ್ಳೆಣ್ಣೆ ಹಸಿ ಎಳ್ಳಿನಿಂದ ತೆಗೆದದ್ದು, ಹೊಂಬಣ್ಣದ್ದು, ಮೆದು ವಾಸನೆಯದ್ದು. ಕೊರಿಯಾದವರು ಎಳ್ಳನ್ನು ಮೊದಲು ಚೆನ್ನಾಗಿ ಹುರಿದು ಆಮೇಲೆ ಹಿಂಡುತ್ತಾರೆ. ಸುವೋನ್ ಕೋಟೆಯ ಪಾಲ್ದಾಲ್‌ಮುನ್ ಬಾಗಿಲಿನ ಬಳಿ ಹಳೆಯ ಮಾರುಕಟ್ಟೆಗಳಿವೆ. ಅಂಥ ಮಾರುಕಟ್ಟೆಯ ಎಣ್ಣೆಯ ಗಿರಣಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ವಾಸನೆಯೇ ಕರೆದುಕೊಂಡು ಹೋಗುತ್ತದೆ. ತಿರುಗುವ ಉರುಳೆಯಲ್ಲಿ ಎಳ್ಳು ಕಂದು ಬಣ್ಣಕ್ಕೆ ಬರುವವರೆಗೆ ಹುರಿಯುತ್ತದೆ, ಅದನ್ನು ಒತ್ತುವ ಯಂತ್ರಕ್ಕೆ ಸುರಿದ ಮೇಲೆ ಕೆಳಗಿನ ತೂತಿನಿಂದ ಎಣ್ಣೆ ಚಹಾದ ಬಣ್ಣದಲ್ಲಿ ಸಣ್ಣಗೆ ಇಳಿಯುತ್ತದೆ, ಗಿರಣಿಯಾಕೆ ಅದನ್ನು ಸೋಜು ಎಂಬ ಇಲ್ಲಿನ ಮದ್ಯದ, ತೊಳೆದಿಟ್ಟ ಹಸಿರು ಬಾಟಲಿಗೆ ತುಂಬಿ ಬಿರಡೆ ಬಿಗಿದು ಕೊಡುತ್ತಾಳೆ, ಉಳಿದ ಹಿಂಡಿ ದುಂಡನೆಯ ಬಿಲ್ಲೆಯಾಗಿ ಹೊರಬರುತ್ತದೆ. ಆ ಎಣ್ಣೆಯಲ್ಲಿ ಮೊಟ್ಟೆ ಕರಿಯುವುದಿಲ್ಲ. ಕಾಯಿಸಿದರೆ ಪರಿಮಳವೆಲ್ಲ ಹಾರಿಹೋಗುತ್ತದೆ, ಆದ್ದರಿಂದ ಕೊನೆಯಲ್ಲಿ ಹಸಿಯಾಗಿಯೇ ಒಂದು ಟೀ ಚಮಚ ಹಾಕುತ್ತಾರೆ. ಅದು ನಿನಗೆ ಸಿಗದಿದ್ದರೆ ಬಿಳಿ ಎಳ್ಳನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಕುಟ್ಟಾಣಿಯಲ್ಲಿ ಎರಡೇ ಪೆಟ್ಟು ಕೊಟ್ಟು ತರಿತರಿ ಮಾಡಿ, ಮನೆಯ ಎಳ್ಳೆಣ್ಣೆಗೆ ಬೆರೆಸಿ ಸ್ವಲ್ಪ ಹೊತ್ತು ಬಿಡು. ಪೂರ್ತಿ ಆ ಪರಿಮಳ ಬರುವುದಿಲ್ಲ, ಆದರೆ ದಾರಿ ಅದೇ. ಹಸಿ ಎಳ್ಳೆಣ್ಣೆಯೊಂದನ್ನೇ ಹಾಕುವುದಕ್ಕಿಂತ ಬೆಣ್ಣೆ ಹಾಕುವುದು ಮೇಲು. ಇಲ್ಲಿಯೂ ಅನೇಕರು ಚಿಕ್ಕ ಬೆಣ್ಣೆಯ ತುಂಡನ್ನು ಬಿಸಿ ಅನ್ನದೊಳಗೆ ಹೂತು ಕರಗಿಸುತ್ತಾರೆ, ಹಿಂದಿನ ತಲೆಮಾರಿನವರು ಮಾರ್ಗರೀನ್ ಹಾಕಿ ತಿಂದದ್ದನ್ನು ಇಂದಿಗೂ ನೆನೆಯುತ್ತಾರೆ.

ಮೊಟ್ಟೆ ತಾಜಾ ಇರಬೇಕು, ಏಕೆಂದರೆ ಹಳದಿಯನ್ನು ಅರ್ಧ ಹಸಿಯಾಗಿಯೇ ಬಿಡುತ್ತೇವೆ. 2019ರಿಂದ ಇಲ್ಲಿನ ಪ್ರತಿ ಮೊಟ್ಟೆಯ ಚಿಪ್ಪಿನ ಮೇಲೆ ಕೋಳಿ ಅದನ್ನು ಇಟ್ಟ ತಿಂಗಳು ಮತ್ತು ದಿನವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ, ಸಾಲಿನ ಕೊನೆಯಲ್ಲಿರುವ 1ರಿಂದ 4ರವರೆಗಿನ ಅಂಕಿ ಕೋಳಿಯನ್ನು ಹೇಗೆ ಸಾಕಿದ್ದಾರೆಂದು ಹೇಳುತ್ತದೆ. ನಮ್ಮ ಬೀದಿಯ ಅಂಗಡಿಯ ಬಿಡಿ ಮೊಟ್ಟೆಗೆ ಅಂಥ ಜಾತಕವಿಲ್ಲ. ಅದನ್ನು ನೀರಿನ ಪಾತ್ರೆಗೆ ಬಿಟ್ಟು ನೋಡು: ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತಾಗಿದೆ ಎಂದರ್ಥ, ತೇಲಿದರೆ ಎಸೆದುಬಿಡು.

ಮಾಡುವ ಕ್ರಮ ಹೇಳುತ್ತೇನೆ, ಪುಟ್ಟಿಗೆ ಕೇಳಿಸು. ಅನ್ನವನ್ನು ಅಗಲ ಬಾಯಿಯ ಬಟ್ಟಲಿಗೆ ಹಾಕಿ ಮುಚ್ಚಿಡಬೇಕು, ಅದು ಹೊಗೆಯಾಡುವಷ್ಟು ಬಿಸಿಯಾಗಿರಬೇಕು. ಚಿಕ್ಕ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಮೊಟ್ಟೆ ಒಡೆದು ಹಾಕಿದರೆ ಬಿಳಿಯ ಅಂಚು ತಕ್ಷಣ ಗುಳ್ಳೆಯೆದ್ದು ಕಂದು ಜಾಲರಿಯಂತಾಗುತ್ತದೆ. ಆಗ ಉರಿ ತಗ್ಗಿಸಿ, ಬಾಣಲೆಯನ್ನು ಓರೆ ಮಾಡಿ, ಚಮಚದಿಂದ ಬಿಸಿ ಎಣ್ಣೆಯನ್ನು ಬಿಳಿಯ ಮೇಲೆ ಮಾತ್ರ ಎರಚಬೇಕು. ಹಳದಿಯ ಸುತ್ತ ಪಾರದರ್ಶಕ ಲೋಳೆ ಉಳಿಯಬಾರದು, ಹಳದಿ ಮಾತ್ರ ಅಲುಗಾಡುತ್ತಿರಬೇಕು. ಮೊಟ್ಟೆಗೆ ಉಪ್ಪು ಬೇಡ. ಎರಡು ಟೀ ಚಮಚ ಸೋಯಾ ಸಾಸನ್ನು ಅನ್ನದ ಸುತ್ತ ಹಾಕಿ, ಮೊಟ್ಟೆಯನ್ನು ಮೇಲಿಟ್ಟು, ಎಳ್ಳೆಣ್ಣೆ, ಹುರಿದ ಎಳ್ಳು, ಹೆಚ್ಚಿದ ಈರುಳ್ಳಿ ಸೊಪ್ಪು ಉದುರಿಸಬೇಕು. ಕೆಲವರು ಸಾಸನ್ನು ಬಾಣಲೆಯ ಅಂಚಿಗೆ ಸುರಿದು ಚೊಯ್ ಎನಿಸಿ ಆಮೇಲೆ ಅನ್ನಕ್ಕೆ ಹಾಕುತ್ತಾರೆ, ಅದರಿಂದ ಸುಟ್ಟ ಪರಿಮಳ ಬರುತ್ತದೆ. ಹೊಸದಾಗಿ ಮಾಡುವವರು ಮೈಮೇಲೆ ಎಣ್ಣೆ ಸಿಡಿಸಿಕೊಳ್ಳುತ್ತಾರೆಂಬ ಕಾರಣಕ್ಕೆ ಪುಟ್ಟಿಗೆ ನಾನು ಅದನ್ನು ಹೇಳಿಕೊಡುವುದಿಲ್ಲ. ತಿನ್ನುವಾಗ ಬಟ್ಟಲನ್ನು ಮೇಜಿನ ಮೇಲೆಯೇ ಇಟ್ಟು ಚಮಚದಿಂದ ಹಳದಿಯನ್ನು ಒಡೆದು, ಅನ್ನ ಮುದ್ದೆಯಾಗದಂತೆ ತಳದಿಂದ ಮಗುಚಿ ಕಲಸಿಕೊಳ್ಳಬೇಕು. ಧಾರಾವಾಹಿ ನೋಡಿ ಕಡ್ಡಿ ಹುಡುಕುವುದು ಬೇಡ, ಅನ್ನವನ್ನು ಇಲ್ಲಿ ಚಮಚದಲ್ಲಿಯೇ ತಿನ್ನುತ್ತಾರೆ.

ಗಿಮ್ ಎಂಬ ಹುರಿದ ಕಡಲ ಪಾಚಿಯ ಹಾಳೆ ಸಿಕ್ಕಿದರೆ ಕೊನೆಯಲ್ಲಿ ಕೈಯಿಂದ ಪುಡಿ ಮಾಡಿ ಹಾಕಬಹುದು. ಸಿಗದಿದ್ದರೆ ಬಿಟ್ಟುಬಿಡು. ಸುಟ್ಟ ಹಪ್ಪಳ ಪುಡಿ ಮಾಡಿದರೆ ಗರಿಗರಿ ಬರುತ್ತದೆ, ಕಡಲಿನ ರುಚಿ ಬರುವುದಿಲ್ಲ. ಪಕ್ಕಕ್ಕೆ ಕಿಮ್ಚಿ, ಅಂದರೆ ಖಾರ ಹಾಕಿ ಹುದುಗಿಸಿದ ತರಕಾರಿ, ಇಡುವುದು ವಾಡಿಕೆ, ಆದರೆ ಮೊಟ್ಟೆ ತಿಂದರೂ ಮೀನು ಮುಟ್ಟದ ಚಿಕ್ಕಮ್ಮನಂಥವರು ಎಚ್ಚರವಾಗಿರಬೇಕು: ಹೆಚ್ಚಿನ ಕಿಮ್ಚಿಯಲ್ಲಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಇರುತ್ತದೆ. ಅದರ ಬದಲು ಸೌತೆಕಾಯಿಯ ಬಿಲ್ಲೆಗಳಿಗೆ ಉಪ್ಪು, ವಿನೆಗರ್, ಚಿಟಿಕೆ ಸಕ್ಕರೆ, ಬ್ಯಾಡಗಿ ಮೆಣಸಿನ ಪುಡಿ ಕಲಸಿದರೆ ಸಾಕು. ಮಾವಿನ ಉಪ್ಪಿನಕಾಯಿ ಮಾತ್ರ ಬೇಡ, ಅದರ ಮುಂದೆ ಎಳ್ಳಿನ ವಾಸನೆ ನಿಲ್ಲುವುದಿಲ್ಲ.

ಭಾವನವರ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಇರಲಿ ಎನ್ನುತ್ತದೆ, ಅಂದರೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಸೋಯಾ ಸಾಸ್‌ನ ಒಂದು ದೊಡ್ಡ ಚಮಚದಲ್ಲಿಯೇ ಸುಮಾರು 900 ಮಿಲಿಗ್ರಾಂ ಇರುತ್ತದೆ, ಎರಡು ಟೀ ಚಮಚದಲ್ಲಿ ಸುಮಾರು 600. ಅವರ ಬಟ್ಟಲಿಗೆ ಒಂದೇ ಟೀ ಚಮಚ ಹಾಕಿ, ಎಳ್ಳು ಮತ್ತು ಈರುಳ್ಳಿ ಸೊಪ್ಪನ್ನು ಹೆಚ್ಚಿಸು, ಕಿಮ್ಚಿ ಮತ್ತು ಗಿಮ್ ಎರಡನ್ನೂ ದೂರವಿಡು. ಅಮ್ಮನಿಗೂ ಚಿಕ್ಕ ಮಕ್ಕಳಿಗೂ ಬಸುರಿಯಾಗಿರುವ ನಮ್ಮ ನಾದಿನಿಗೂ ಅರ್ಧ ಹಸಿ ಹಳದಿ ಕೊಡಬೇಡ, ಸಾಲ್ಮೊನೆಲ್ಲಾ ಸೋಂಕಿನ ಭಯವಿರುತ್ತದೆ. ಅವರಿಗೆ ಹಳದಿ ಗಟ್ಟಿಯಾಗುವವರೆಗೆ ಬೇಯಿಸಬೇಕು. ಅಮ್ಮನಿಗೆ ಅಗಿಯುವುದೇ ಕಷ್ಟವಾದ್ದರಿಂದ ಎರಡು ಮೊಟ್ಟೆಗೆ ಅಷ್ಟೇ ಅಳತೆಯ ನೀರು ಮತ್ತು ಚಿಟಿಕೆ ಉಪ್ಪು ಸೇರಿಸಿ ಕದಡಿ, ಸೋಸಿ, ತಟ್ಟೆ ಮುಚ್ಚಿದ ಬಟ್ಟಲಿನಲ್ಲಿ ಇಡ್ಲಿ ಪಾತ್ರೆಯೊಳಗಿಟ್ಟು ಸಣ್ಣ ಉರಿಯಲ್ಲಿ ಹಬೆಗೆ ಬೇಯಿಸಿದರೆ ನಡುಗುವಷ್ಟು ಮೆತ್ತಗೆ ಬರುತ್ತದೆ. ಇದನ್ನು ಗ್ಯೆರಾನ್ ಜ್ಜಿಮ್ ಎನ್ನುತ್ತಾರೆ. ಉರಿ ಜೋರಾದರೆ ತೂತುತೂತಾಗಿ ನೀರು ಬಿಡುತ್ತದೆ.

ಪಿ.ಜಿ.ಗೆ ಮರಳಿದ ಮೇಲೆ ಪುಟ್ಟಿಗೆ ಒಲೆ ಇಲ್ಲ, ಮೈಕ್ರೋವೇವ್ ಮಾತ್ರ ಇದೆಯಲ್ಲವೇ. ಬಟ್ಟಲಿನ ಅನ್ನದ ನಡುವೆ ಕುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಹಳದಿಯನ್ನು ಮುಳ್ಳು ಚಮಚದಿಂದ ಚುಚ್ಚಿ, ಮುಚ್ಚಿ ಒಂದು ನಿಮಿಷದ ಆಸುಪಾಸು ಇಡಲಿ. ಬಿಳಿ ಗಟ್ಟಿಯಾಗಿರದಿದ್ದರೆ ಮತ್ತೆ ಹತ್ತು ಹತ್ತು ಸೆಕೆಂಡು. ಚುಚ್ಚದಿದ್ದರೆ ಹಳದಿ ಸಿಡಿಯುತ್ತದೆ, ಚಿಪ್ಪಿನ ಸಮೇತ ಇಟ್ಟರಂತೂ ಬಾಂಬು. ಬೆಳಿಗ್ಗೆ ಮಾಡಿ ಇಡೀ ದಿನ ಹೊರಗಿಟ್ಟ ಅನ್ನವನ್ನು ಇದಕ್ಕೆ ಬಳಸಬಾರದು, ಉಳಿದ ಅನ್ನ ಆರಿದ ಕೂಡಲೇ ಫ್ರಿಜ್ ಸೇರಿರಬೇಕು.

ಸೋಯಾ ಸಾಸ್ ಕೊಳ್ಳುವ ಮುನ್ನ ಬಾಟಲಿಯ ಹಿಂಬದಿಯ ಚೀಟಿಯ ಫೋಟೋವನ್ನು ಪುಟ್ಟಿ ಗುಂಪಿಗೆ ಹಾಕಲಿ. ರಾತ್ರಿ ಹನ್ನೊಂದರವರೆಗೆ ನಾನು ಎಚ್ಚರವಾಗಿರುತ್ತೇನೆ, ನಿಮ್ಮಲ್ಲಿ ಆಗ ಏಳೂವರೆ ಗಂಟೆ. ಅಷ್ಟರೊಳಗೆ ಹಾಕಿದರೆ ಅಂಗಡಿಯಲ್ಲಿ ನಿಂತಿರುವಾಗಲೇ ಉತ್ತರ ಸಿಗುತ್ತದೆ.