ಪದ ಬೇಕು: ಹಳೇ ಬುಲೆಟ್ಟಿನ ಮೂರು ಆಯಿಲ್‌ಗಳಿಗೆ ಹೆಸರು (ನಾಳೆ ಬೆಳಗ್ಗೆ ಬೋರ್ಡು ಪ್ರಿಂಟಿಗೆ)

ಹಾಸನದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನ ಗ್ಯಾರೇಜಿಗೆ ಒಂದು ಗೋಡೆ ಬೋರ್ಡು ಮಾಡಿಸುತ್ತಿದ್ದೇವೆ. ಅಲ್ಲಿಗೆ ಬರುವುದರಲ್ಲಿ ಹೆಚ್ಚಿನವು ಹಳೇ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್‌ಗಳು. ಈಗಿನ ಬೈಕಿನ ಹಾಗೆ ಅದಕ್ಕೆ ಒಂದೇ ಆಯಿಲ್ ಅಲ್ಲ, ಮೂರು ಕಡೆ ಮೂರು. ಎಂಜಿನ್ನಿಗೆ 20ಡಬ್ಲ್ಯೂ-50, ಗೇರ್‌ಬಾಕ್ಸಿಗೆ 90 ನಂಬರ್, ಎಡಗಡೆ ಪ್ರೈಮರಿ ಚೈನೂ ಕ್ಲಚ್ಚೂ ಕೂತಿರುವ ಡಬ್ಬಿಗೆ ಬೇರೆ ಸುಮಾರು 420 ಮಿಲಿ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಕನ್ನಡ ಸರಾಗ, ಇಂಗ್ಲಿಷ್ ಕಷ್ಟ. ಹೋದ ತಿಂಗಳು ಒಬ್ಬ 90 ನಂಬರನ್ನು ಕ್ಲಚ್ ಕಡೆಗೆ ಸುರಿದುಬಿಟ್ಟ. ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು ಗೇರು ಬೀಳಲೇ ಇಲ್ಲ, ಎಲ್ಲ ಬಿಚ್ಚಿ ತೊಳೆಯಬೇಕಾಯಿತು.

ಪ್ರಿಂಟಿನವರು ಕೊಟ್ಟ ಕರಡಿನಲ್ಲಿ "ಯಂತ್ರ ತೈಲ, ಪ್ರಾಥಮಿಕ ತೈಲ, ಪ್ರಸರಣ ತೈಲ" ಎಂದಿದೆ. ಮಾವ ಓದಿ, "ಪ್ರಾಥಮಿಕ ಅಂದ್ರೆ ಮೊದಲು ಹಾಕೋದಾ?" ಅಂದರು. ಮೂರಕ್ಕೂ ಸರಿಯಾದ ಪದ ತಿಳಿಸಿ, ದಯವಿಟ್ಟು.

ಬೆಂಗಳೂರಿನಿಂದ:

ತೈಲ ಬೇಡವೇ ಬೇಡ. ಎಣ್ಣೆ ಮನೆಯಲ್ಲೇ ಇರುವಾಗ ಎರವಲು ಏಕೆ? ಎಂಜಿನ್ನಿಗೆ "ಬಿಣಿಗೆ" ಎಂದು ಕೆಲವರು ಆಗಲೇ ಬರೆಯುತ್ತಿದ್ದಾರೆ. ಬಿಣಿಗೆಯೆಣ್ಣೆ, ಸರಪಳಿಯೆಣ್ಣೆ, ಹಲ್ಲುಗಾಲಿಯೆಣ್ಣೆ: ಮೂರೂ ಒಂದೇ ಅಚ್ಚಿನಲ್ಲಿ ಬರುತ್ತವೆ. ಮೂರನ್ನೂ ಸೇರಿಸಿ ಹೇಳುವಾಗ ಕೀಲೆಣ್ಣೆ. ಎತ್ತಿನ ಬಂಡಿಯ ಕೀಲಿಗೆ ಹಾಕುತ್ತಿದ್ದುದಕ್ಕೆ ನಮ್ಮವರು ಇಟ್ಟ ಹೆಸರು ಅದು. ಇಂಗ್ಲಿಷಿಗೆ ಮೊರೆ ಹೋಗುವ ಮೊದಲು ಅಜ್ಜಂದಿರ ಬಂಡಿಯನ್ನು ಒಮ್ಮೆ ನೋಡಿ.

ಮೈಸೂರಿನಿಂದ:

ಬಿಣಿಗೆ ಯಾವ ಮೆಕ್ಯಾನಿಕ್ಕಿನ ಬಾಯಲ್ಲೂ ಇಲ್ಲ. ಬೋರ್ಡಿನ ಮೇಲೆ ಅದು ಬೇಡ.

ಇನ್ನು ಎಣ್ಣೆ ನಮ್ಮದು, ತೈಲ ಪರಕೀಯ ಎಂಬ ವಾದ. ಎಳ್ + ನೆಯ್, ಅದೇ ಎಣ್ಣೆ. ಬೆಳ್ + ನೆಯ್ ಬೆಣ್ಣೆಯಾದಂತೆ. ತಿಲದಿಂದ ಬಂದದ್ದು ತೈಲ. ತಿಲವೆಂದರೂ ಎಳ್ಳೇ. ಎರಡು ಪದಗಳೂ ಒಂದೇ ಗಾಣದಿಂದ ಇಳಿದವು, ಎರಡೂ ಎಳ್ಳನ್ನು ದಾಟಿ ಎಲ್ಲ ಜಿಡ್ಡಿಗೂ ಹಬ್ಬಿದವು. ನೆಲದಡಿಯಿಂದ ತೆಗೆದ ಖನಿಜದ ಮಟ್ಟಿಗೆ ಇದು ಹತ್ತಿರ, ಅದು ದೂರ ಎನ್ನಲು ಆಧಾರವೇ ಇಲ್ಲ. ವ್ಯಾಕರಣಕಾರ ಕೇಶಿರಾಜನ ಕಾಲದಿಂದ ನಾವು ಅರಿಸಮಾಸಕ್ಕೆ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವುದಕ್ಕೆ, ಅಂಜುತ್ತಾ ಬಂದವರು. ಹಾಗೆ ನೋಡಿದರೆ "ಎಂಜಿನ್ ತೈಲ"ಕ್ಕಿಂತ "ಎಂಜಿನ್ ಎಣ್ಣೆ" ಕಿವಿಗೆ ಒಗ್ಗುತ್ತದೆ. ನನ್ನ ಒಲವು ಅಷ್ಟಕ್ಕೇ.

ಒಂದು ಎಚ್ಚರಿಕೆ. ನಮ್ಮೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಅವು ಟೂ ಸ್ಟ್ರೋಕ್. ಎಂಜಿನ್ನಿನ ಆಯಿಲ್ ಪೆಟ್ರೋಲಿನ ಜೊತೆಗೇ ಬೆರೆತು ಹೋಗುತ್ತದೆ. ಕ್ಲಚ್ಚು, ಪ್ರೈಮರಿ ಚೈನು, ಗೇರು ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಯೆಜ್ಡಿ ಕೈಯಲ್ಲಿ ಪಳಗಿದವನಿಗೆ "ಗೇರ್ ಆಯಿಲ್" ಎಂದರೆ ಕ್ಲಚ್ಚೂ ಅದರಲ್ಲಿ ಸೇರಿತು. ಅದೇ ಮಾತು ಬುಲೆಟ್ಟಿನ ಪಕ್ಕದಲ್ಲಿ ಹೇಳಿದರೆ ಅನರ್ಥ.

ಮಂಗಳೂರಿನಿಂದ:

ದಯಮಾಡಿ ಯಾರೂ ಲೋಪಸಂಧಿ ಮಾಡಿ "ಗೇರೆಣ್ಣೆ" ಎಂದು ಬರೆಯಬೇಡಿ. ನಮ್ಮಲ್ಲಿ ಗೇರು ಎಂದರೆ ಗೇರುಬೀಜದ ಮರ. ಗೇರೆಣ್ಣೆ ಎಂದರೆ ಅದರ ಸಿಪ್ಪೆಯಿಂದ ತೆಗೆಯುವ ಕಪ್ಪೆಣ್ಣೆ, ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವುದು, ಮೈಗೆ ತಾಗಿದರೆ ಸುಡುವಂಥದ್ದು. ಗೇರ್ ಎಂದು ಅರ್ಧಾಕ್ಷರದಲ್ಲೇ ನಿಲ್ಲಿಸಿ, ಬಿಡಿಸಿ ಬರೆಯಿರಿ.

ಬೆಂಗಳೂರಿನಿಂದ:

ಅದಕ್ಕೇ ಹಲ್ಲುಗಾಲಿ ಎಂದೆ. ಎರವಲು ತಂದರೆ ಇಂಥ ತೊಡಕುಗಳೇ.

ಧಾರವಾಡದಿಂದ:

ಹಲ್ಲುಗಾಲಿ ಅಂದ್ರ ಹುಡುಗ ಎಲ್ಲಿ ಹುಡುಕಬೇಕ್ರಿ? ಬುಲೆಟ್ಟಿನ ತುಂಬ ಹಲ್ಲಿನ ಗಾಲಿನ ಅದಾವ. ಟೈಮಿಂಗ್ ಕಡೆ ಅದಾವ, ಕ್ಲಚ್ ಡ್ರಮ್ಮಿಗೂ ಹಲ್ಲದಾವ.

ನಮ್ಮ ಕಡೆ ಗ್ಯಾರೇಜಿನ್ಯಾಗ ಮಾತು ಹಿಂಗದ: "ಇಂಜಿನ್ ಆಯಿಲ್", "ಗೇರ್ ಆಯಿಲ್", ಮೂರನೇದಕ್ಕ "ಕ್ಲಚ್ ಕಡಿ ಆಯಿಲ್" ಇಲ್ಲಾ "ಚೈನ್ ಕೇಸಿನ ಆಯಿಲ್". ಎಣ್ಣಿ ಅಂತ ಯಾರೂ ಅನ್ನೂದಿಲ್ಲ. ಎಣ್ಣಿ ಅಂದ್ರ ಒಂದು ಅಡಗಿ ಮನಿದು, ಇನ್ನೊಂದು ಸಂಜಿಮುಂದಿಂದು. ಇನ್ನ ಮ್ಯಾಲ ನಿಮ್ಮ ಇಷ್ಟ.

ಶಿವಮೊಗ್ಗದಿಂದ:

ಹಾಸನದ ತಂಗಿಗೆ. ವಾಹನದ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಪ್ರಾಥಮಿಕ ತೈಲ"ವನ್ನು ಇವತ್ತೇ ಹೊಡೆದುಹಾಕಿ. ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬಲ ಒಯ್ಯುವ ಚೈನು ಮೊದಲನೆಯದು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವುದು ಎರಡನೆಯದು. ಹಾಗಾಗಿ ಮೊದಲನೆಯದಕ್ಕೆ ಪ್ರೈಮರಿ ಚೈನ್ ಎಂದು ಹೆಸರು. ಆಯಿಲ್ ಡಬ್ಬದ ಮೇಲೆ ಅಚ್ಚು ಹಾಕುವವರು ವಿಶೇಷ್ಯವನ್ನು ಬಿಟ್ಟು ಬರೀ ವಿಶೇಷಣ ಉಳಿಸಿದರು. ಆ ಒಂಟಿ ವಿಶೇಷಣವನ್ನು ಅನುವಾದಿಸಿದರೆ ಕನ್ನಡದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ನಿಮ್ಮ ಮಾವ ಕೇಳಿದ ಪ್ರಶ್ನೆಯೇ ಅದಕ್ಕೆ ಸಾಕ್ಷಿ. ಬಿದ್ದುಹೋದ ವಿಶೇಷ್ಯವನ್ನೇ ಎತ್ತಿ ಬರೆಯಿರಿ: ಚೈನ್‌ಕೇಸ್. ಪ್ರಸರಣಕ್ಕೂ ಇದೇ ಗತಿ, ಓದಿದವನಿಗೆ ಆಕಾಶವಾಣಿ ನೆನಪಾಗುತ್ತದೆ. ಗೇರ್‌ಬಾಕ್ಸ್ ಎನ್ನಿ, ಸಾಕು.

ಧಾರವಾಡದವರ "ಕ್ಲಚ್ ಕಡಿ" ನನಗೆ ಎಲ್ಲಕ್ಕಿಂತ ಹಿಡಿಸಿತು. ಜಾಗ ಹೇಳುವ ಹೆಸರು ಅದು. ಆ ಡಬ್ಬಿಯ ಹೊರಮುಚ್ಚಳವನ್ನು ನಡುವಿನ ಒಂದೇ ಒಂದು ನಟ್ಟು ಹಿಡಿದಿರುತ್ತದೆ. ಅದನ್ನು ಬಿಚ್ಚಿದ ಹುಡುಗ ಕಣ್ಣೆದುರಿಗೆ ಕಾಣುವುದು ಚೈನು ಮತ್ತು ಕ್ಲಚ್ ಪ್ಲೇಟು. ಕಂಡದ್ದೇ ಹೆಸರಾಗಲಿ.

ಹೆಸರಿಗಿಂತ ಹೆಚ್ಚು ಎಡವಟ್ಟಾಗುವುದು ಅಂಕಿಯಲ್ಲಿ. 50ಕ್ಕಿಂತ 90 ದೊಡ್ಡದು, ಹಾಗಾಗಿ ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಎಂಜಿನ್ ಆಯಿಲ್‌ಗೆ ಒಂದು ಅಳತೆಪಟ್ಟಿ, ಗೇರ್ ಆಯಿಲ್‌ಗೆ ಇನ್ನೊಂದು. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 90ರ ಗೇರ್ ಆಯಿಲ್ ಸುಮಾರಾಗಿ 40-50ರ ಎಂಜಿನ್ ಆಯಿಲ್‌ನಷ್ಟೇ ಮಂದ. ವ್ಯತ್ಯಾಸ ಇರುವುದು ಒಳಗೆ ಬೆರೆಸಿದ ಮದ್ದಿನಲ್ಲಿ. ಹಲ್ಲು ಹಲ್ಲಿಗೆ ಒತ್ತಿ ಉಜ್ಜುವ ಕಡೆ ತಡೆದುಕೊಳ್ಳಲು ಗೇರ್ ಆಯಿಲ್‌ಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಕ್ಲಚ್ ಪ್ಲೇಟಿಗೆ ಅವು ಒಗ್ಗುವುದಿಲ್ಲ. ಆ ಮದ್ದಿನಲ್ಲೂ ಜಿಎಲ್-4, ಜಿಎಲ್-5 ಎಂದು ಎರಡು ದರ್ಜೆ. 5ರಲ್ಲಿ ಪ್ರಮಾಣ ಜಾಸ್ತಿ, ಕೆಲವು ಬಗೆಯವು ಕಂಚು ಹಿತ್ತಾಳೆಯನ್ನು ಕಾಲಕ್ರಮೇಣ ತಿನ್ನುತ್ತವೆ. ಹಳೇ ಬುಲೆಟ್ಟಿನ ನಾಲ್ಕು ಗೇರಿನ ಬಾಕ್ಸಿನೊಳಗೆ ಕಂಚಿನ ಬುಷ್‌ಗಳಿವೆ. ಅದಕ್ಕೆ 4 ಕ್ಷೇಮ. "ದೊಡ್ಡ ನಂಬರು ಒಳ್ಳೇದು" ಎಂದು ಅಂಗಡಿಯವರು ಕೊಟ್ಟದ್ದನ್ನು ತರಬೇಡಿ ಎಂದು ಬೋರ್ಡಿನಲ್ಲೇ ಬರೆಸಿ.

ಕ್ಲಚ್ ಕಡೆಗೆ ಎಂಜಿನ್ ಆಯಿಲ್ ಹಾಕುವುದಾದರೆ ಡಬ್ಬದ ಮೇಲೆ ಜಾಸೋ ಎಂಎ ಎಂದಿರಲಿ. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು ಅದು. ಎಂಬಿ ಎಂದಿದ್ದರೆ ಅದು ಸ್ಕೂಟರಿಗೆ. ಪೆಟ್ರೋಲು ಉಳಿಸುವ ಕಾರಿನ ಆಯಿಲ್ ಅಂತೂ ಹತ್ತಿರ ಸೇರಿಸಬೇಡಿ, ಘರ್ಷಣೆ ಕಡಿಮೆ ಮಾಡಲೆಂದೇ ಮಾಡಿದ್ದು, ಕ್ಲಚ್ಚು ಜಾರುತ್ತದೆ. ಕ್ಲಚ್ ಕಡೆಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕುವವರೂ ಇದ್ದಾರೆ. ನಿಮ್ಮ ಮಾವ ಯಾವುದನ್ನು ಒಪ್ಪಿದ್ದಾರೋ ಅದೊಂದನ್ನೇ ಬರೆಸಿ.

ಗಟ್ಟಿ, ದಪ್ಪ ಎರಡೂ ಬೇಡ, ಮಂದ ಎನ್ನಿ. ಸಾರು ಮಂದವಾಗಿದೆ ಎಂದರೆ ಯಾರಿಗೆ ತಿಳಿಯುವುದಿಲ್ಲ? ಪಠ್ಯಪುಸ್ತಕದ ಸ್ನಿಗ್ಧತೆಯನ್ನು ಅಲ್ಲೇ ಬಿಡಿ.

ಮೈಸೂರಿನಿಂದ:

ಸ್ನಿಗ್ಧತೆಗೇನಾಗಿದೆ? ಸ್ನೇಹ ಎಂದರೆ ಮೂಲದಲ್ಲಿ ಜಿಡ್ಡೇ. ಅರ್ಥ ಗೊತ್ತಿಲ್ಲದ ಮಾತ್ರಕ್ಕೆ ಪದವನ್ನು ತಳ್ಳುವುದು ತರವಲ್ಲ.

ಶಿವಮೊಗ್ಗದಿಂದ:

ಸ್ನಿಗ್ಧ ಎಂದರೆ ಜಿಡ್ಡುಳ್ಳದ್ದು. ಜೇನು ಮಂದವಾಗಿರುತ್ತದೆ, ಜಿಡ್ಡಾಗಿರುವುದಿಲ್ಲ. ಪದದ ಅರ್ಥ ಗೊತ್ತಿರುವುದರಿಂದಲೇ ತಳ್ಳುತ್ತಿದ್ದೇನೆ, ಹಿರಿಯರೇ.

ಬೆಂಗಳೂರಿನಿಂದ:

ಚರ್ಚೆ ಎಲ್ಲಿಗೆ ಬಂತು ನೋಡಿ. ಎಂಜಿನ್, ಗೇರ್, ಕ್ಲಚ್, ಚೈನ್, ಕೇಸ್, ಬಾಕ್ಸ್, ಆಯಿಲ್. ಬೋರ್ಡಿನಲ್ಲಿ ಕನ್ನಡವೆಂದರೆ ಲಿಪಿ ಮತ್ತು "ಹಾಕಿ" ಎಂಬ ಕ್ರಿಯಾಪದ. ನಾಮಫಲಕದಲ್ಲಿ ಶೇಕಡಾ 60 ಕನ್ನಡವಿರಲಿ ಎಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದರು. ಇಂಗ್ಲಿಷ್ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಆ ಲೆಕ್ಕ ತುಂಬಿಸುವುದನ್ನು ದಿನಾ ಕಂಡು ನನಗೆ ಸಂಕಟವಾಗುತ್ತದೆ. ಪದ ಕಟ್ಟದ ನುಡಿ ಸೊರಗುತ್ತದೆ.

ಮಂಗಳೂರಿನಿಂದ:

ಮೇಜು, ಸಾಬೂನು, ಚಾವಿ, ಅಲಮಾರು ಕಡಲು ದಾಟಿ ಬಂದವು. ಅವುಗಳಿಂದ ಕನ್ನಡ ಸೊರಗಿತೇ? ಚಾವಿಗೆ ವಿಭಕ್ತಿ ಹತ್ತಿದ ದಿನ ಅದು ನಮ್ಮದಾಯಿತು. "ಗೇರಿಗೆ", "ಕ್ಲಚ್ಚಿನ" ಎಂದು ಒತ್ತಕ್ಷರ ಹಾಕಿ ಹೇಳುತ್ತಿದ್ದೇವಲ್ಲ, ಅಷ್ಟಾದ ಮೇಲೆ ಅವನ್ನು ಪರದೇಶಿ ಎನ್ನಲು ನನಗೆ ಮನಸ್ಸಿಲ್ಲ.

ಬೆಂಗಳೂರಿನಿಂದ:

ಚಾವಿ ಬಂದಾಗ ಬೀಗದಕೈ ಇತ್ತು, ಇಂದಿಗೂ ಇದೆ. ಎರಡೂ ಬದುಕಿವೆ. ನಾನು ಕೇಳುವುದೂ ಅಷ್ಟೇ, ಪಕ್ಕದಲ್ಲಿ ಒಂದು ಕನ್ನಡದ ಪದಕ್ಕೆ ಜಾಗ. ಕೀಲೆಣ್ಣೆಯನ್ನಾದರೂ ತಲೆಬರಹದಲ್ಲಿ ಇಡಿ.

ಶಿವಮೊಗ್ಗದಿಂದ:

ತಲೆಬರಹಕ್ಕೆ ಕೀಲೆಣ್ಣೆ ನನಗೂ ಒಪ್ಪಿಗೆ. ಅಲ್ಲಿ ತಪ್ಪು ತಿಳಿದರೂ ಬೈಕಿಗೆ ಹಾನಿಯಿಲ್ಲ. ಕೆಳಗಿನ ಮೂರು ಸಾಲು ಮಾತ್ರ ಗ್ಯಾರೇಜಿನ ಮಾತಿನಲ್ಲೇ ಇರಬೇಕು.

ಮೈಸೂರಿನಿಂದ:

ಎಂಜಿನ್ನೋ ಇಂಜಿನ್ನೋ, ಒಂದು ತೀರ್ಮಾನಿಸಿ. ಒಂದೇ ಬೋರ್ಡಿನಲ್ಲಿ ಎರಡು ಕಾಗುಣಿತ ಬೇಡ.

ಹಾಸನದಿಂದ:

ಎಲ್ಲರಿಗೂ ಧನ್ಯವಾದ. ಮಾವನಿಗೆ ಪೂರ್ತಿ ಓದಿ ಹೇಳಿದೆ. ಯೆಜ್ಡಿ ವಿಷಯ ಕೇಳಿ, ಅದಕ್ಕೂ ಈಗಿನ ಬುಲೆಟ್‌ಗಳಿಗೂ ಬೋರ್ಡಿನ ಕೆಳಗೆ ಒಂದೊಂದು ಸಾಲು ಸೇರಿಸು ಅಂದರು. 2008ರ ಹೊತ್ತಿಗೆ ಶುರುವಾದ ಹೊಸ ಎಂಜಿನ್ನುಗಳಲ್ಲಿ ಎಂಜಿನ್, ಕ್ಲಚ್, ಗೇರು ಮೂರಕ್ಕೂ ಒಂದೇ ಆಯಿಲ್ ಇರುವುದರಿಂದ ಹುಡುಗರು ಅದನ್ನೂ ಇದನ್ನೂ ಬೆರೆಸುತ್ತಾರಂತೆ. ಪ್ರಿಂಟಿಗೆ ಕಳಿಸಿದ್ದು ಹೀಗಿದೆ:

ಯಾವ ಕೀಲೆಣ್ಣೆ ಎಲ್ಲಿಗೆ
ಹಳೇ ಬುಲೆಟ್: ಮೂರು ಕಡೆ, ಬೇರೆ ಬೇರೆಯಾಗಿ ಹಾಕಿ
ಎಂಜಿನ್ ಆಯಿಲ್ (ಸಿಲಿಂಡರಿನ ಹಿಂದೆ): 20ಡಬ್ಲ್ಯೂ-50
ಕ್ಲಚ್ ಕಡೆ, ಚೈನ್‌ಕೇಸ್ ಆಯಿಲ್ (ಎಡಗಡೆ): 20ಡಬ್ಲ್ಯೂ-50, ಜಾಸೋ ಎಂಎ ಇರಲೇಬೇಕು. 420 ಮಿಲಿ, ಮಟ್ಟದ ಸ್ಕ್ರೂ ಬಿಚ್ಚಿ ನೋಡಿ. ಗೇರ್ ಆಯಿಲ್ ಹಾಕಬೇಡಿ
ಗೇರ್‌ಬಾಕ್ಸ್ ಆಯಿಲ್: 90 ನಂಬರ್, ಜಿಎಲ್-4 ಮಾತ್ರ
ಹಳೇ ಯೆಜ್ಡಿ: ಕ್ಲಚ್ಚಿಗೂ ಗೇರಿಗೂ ಒಂದೇ. ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಟೂಟಿ (ಟೂ ಸ್ಟ್ರೋಕ್) ಆಯಿಲ್
ಹೊಸ ಬುಲೆಟ್: ಮೂರಕ್ಕೂ ಒಂದೇ. ಗೇರ್ ಆಯಿಲ್ ಬೇಡ

ಎಲ್ಲ ಕಡೆ ಎಂಜಿನ್ ಅಂತಲೇ ಇಟ್ಟಿದ್ದೇನೆ, ಸರ್.