ಸಾಧನಗಳು ಹೆಚ್ಚಿರುವ ಮನೆಗೆ ಎಲ್ಲವೂ ಒಂದರಲ್ಲೇ ಇರುವ ರೌಟರ್ ಸಾಕಾಗುವುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಅಂತಸ್ತಿನ ಕಾಂಕ್ರೀಟ್ ಮನೆ. ಆರು ಜನರಿದ್ದೇವೆ, ಅವರಲ್ಲಿ ಇಬ್ಬರು ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಾರೆ. ಫೋನು, ಲ್ಯಾಪ್‌ಟಾಪು, ಎರಡು ಟಿವಿ, ನಾಲ್ಕು ಕಣ್ಗಾವಲು ಕ್ಯಾಮೆರಾ, ಪ್ರಿಂಟರ್, ಸ್ಮಾರ್ಟ್ ಬಲ್ಬು, ಪ್ಲಗ್ಗುಗಳನ್ನೆಲ್ಲ ಸೇರಿಸಿದರೆ ಮೂವತ್ತೈದರ ಆಸುಪಾಸಿನ ಸಾಧನಗಳು ಒಂದೇ ಜಾಲದಲ್ಲಿವೆ. ಫೈಬರ್ ಸಂಪರ್ಕದ ವೇಗ ಡೌನ್‌ಲೋಡಿಗೆ 300 ಎಂಬಿಪಿಎಸ್, ಅಪ್‌ಲೋಡಿಗೆ 50 ಎಂಬಿಪಿಎಸ್. ಸೇವಾದಾತರು ಕೊಟ್ಟ ಪೆಟ್ಟಿಗೆಯೇ ಈಗ ಎಲ್ಲವನ್ನೂ ನಿಭಾಯಿಸುತ್ತಿದೆ. ಅದು ಕೆಳಗಿನ ಅಂತಸ್ತಿನಲ್ಲಿ, ಮುಂಬಾಗಿಲ ಪಕ್ಕದ ಮೂಲೆಯಲ್ಲಿದೆ.

ಸಂಜೆಯ ಹೊತ್ತು ವೇಗ ಪರೀಕ್ಷೆ ಮಾಡಿದರೆ ಪೂರ್ತಿ 300 ತೋರಿಸುತ್ತದೆ. ಆದರೂ ವಿಡಿಯೊ ಕರೆಯಲ್ಲಿ ಧ್ವನಿ ತುಂಡುತುಂಡಾಗುತ್ತದೆ, ಪುಟಗಳು ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಮೇಲಂತಸ್ತಿನ ಹಿಂದಿನ ಕೋಣೆಯಲ್ಲಂತೂ ಹಗಲಿನಲ್ಲೂ ಇದೇ ಪಾಡು. ಆದ್ದರಿಂದ ರೌಟರ್, ಸ್ವಿಚ್, ವೈ-ಫೈ, ಫೈರ್‌ವಾಲ್, ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತವಾಗಿ ಸೇರುವ ದಾರಿ), ಯುಎಸ್‌ಬಿ ಡಿಸ್ಕಿನ ಮೂಲಕ ಕಡತಗಳ ಹಂಚಿಕೆ ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಮೂರು ಬ್ಯಾಂಡಿನ ವೈ-ಫೈ 7 ರೌಟರನ್ನೇ ಆರಿಸಬೇಕೇ, ವೈ-ಫೈ 6 ಸಾಕೇ? ಎಲ್ಲ ಹೊಣೆಯನ್ನೂ ಒಂದೇ ಸಾಧನಕ್ಕೆ ವಹಿಸುವುದು ಸರಿಯೇ, ಬಿಡಿಬಿಡಿಯಾಗಿ ಕೊಳ್ಳುವುದು ಮೇಲೇ? ಕೊಂಡದ್ದು ಐದಾರು ವರ್ಷವಾದರೂ ಬಾಳಬೇಕು ಎಂಬುದು ನನ್ನ ಅಪೇಕ್ಷೆ.

ಮೊದಲ ಉತ್ತರ

ತಮ್ಮ ವಿವರಣೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತುಕೊಂಡಿರುವಂತೆ ಕಾಣುತ್ತದೆ. ಹಿಂದಿನ ಕೋಣೆಯದು ಬಹುಶಃ ಸಿಗ್ನಲ್ಲಿನ ಕೊರತೆ. ಆದರೆ ಸಂಜೆಯ ಹೊತ್ತು ವೇಗ ಪೂರ್ತಿ ಇದ್ದೂ ಕರೆ ಕಡಿದುಹೋಗುವುದಕ್ಕೆ ವೈ-ಫೈ ಕಾರಣವಲ್ಲದೆ ಇರಬಹುದು, ಮತ್ತು ಹಾಗಿದ್ದಲ್ಲಿ ಎಷ್ಟೇ ಹೊಸ ಪೀಳಿಗೆಯ ರೌಟರ್ ತಂದರೂ ಅದು ಹೋಗುವುದಿಲ್ಲ. ಕೊಳ್ಳುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ. ಒಂದು ಲ್ಯಾಪ್‌ಟಾಪನ್ನು ಕೇಬಲ್ಲಿನ ಮೂಲಕ ಈಗಿನ ಪೆಟ್ಟಿಗೆಗೆ ಜೋಡಿಸಿ, ಹೊರಗಿನ ಯಾವುದಾದರೂ ಸರ್ವರಿಗೆ ಪಿಂಗ್ (ಪುಟ್ಟ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತನ್ನು ಅಳೆಯುವ ಪರೀಕ್ಷೆ) ಓಡಿಸಿ, ಜಾಲ ಸುಮ್ಮನಿರುವಾಗ ಎಷ್ಟು ಮಿಲಿಸೆಕೆಂಡು ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬಳಿಕ ಇನ್ನೊಂದು ಸಾಧನದಿಂದ ದೊಡ್ಡ ಕಡತವೊಂದನ್ನು ಅಪ್‌ಲೋಡ್ ಮಾಡುತ್ತಾ ಅದೇ ಪಿಂಗನ್ನು ಗಮನಿಸಿ.

ಇದನ್ನೇಕೆ ಕೇಳುತ್ತಿದ್ದೇನೆಂದರೆ, ರೌಟರಿಗೆ ಬಂದ ಪ್ಯಾಕೆಟ್ಟುಗಳು (ದತ್ತಾಂಶದ ತುಣುಕುಗಳು) ಹೊರಹೋಗುವ ದಾರಿಗಿಂತ ವೇಗವಾಗಿ ಬಂದಾಗ ಅವು ಅದರ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಸರದಿ ನಿಲ್ಲುತ್ತವೆ. ಬಫರ್ ಹಿರಿದಾದಷ್ಟೂ ಸರದಿ ಉದ್ದವಾಗುತ್ತದೆ. ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿರುವ ಫೋನಿನ ಸಾವಿರಾರು ಪ್ಯಾಕೆಟ್ಟುಗಳ ಹಿಂದೆ ತಮ್ಮ ಕರೆಯ ಪುಟ್ಟ ಧ್ವನಿ ಪ್ಯಾಕೆಟ್ ಕಾಯಬೇಕಾಗುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ವೇಗ ಪರೀಕ್ಷೆಯು ಒಟ್ಟು ಎಷ್ಟು ದತ್ತಾಂಶ ಸಾಗಿತೆಂಬುದನ್ನು ಎತ್ತಿ ತೋರಿಸುತ್ತದೆಯೇ ಹೊರತು ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾಯಿತೆಂಬುದನ್ನಲ್ಲ. ಹಾಗಾಗಿಯೇ ತಮಗೆ 300 ಕಾಣುತ್ತದೆ, ಕರೆ ಮಾತ್ರ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರು

ಪರೀಕ್ಷಿಸಿದೆ. ಕೇಬಲ್ಲಿನಲ್ಲಿ, ಜಾಲ ಸುಮ್ಮನಿರುವಾಗ 12 ಮಿಲಿಸೆಕೆಂಡಿನ ಸುತ್ತ ಬರುತ್ತದೆ. ಅಪ್‌ಲೋಡ್ ಶುರುವಾದ ಕೂಡಲೇ 300ನ್ನೂ ಮೀರುತ್ತದೆ. ಡೌನ್‌ಲೋಡ್ ಮಾತ್ರ ನಡೆಯುವಾಗ 60ರಿಂದ 70ರವರೆಗೆ ಏರುತ್ತದೆ. ಹಿಂದಿನ ಕೋಣೆಯಲ್ಲಿ ಫೋನಿನ ಆ್ಯಪ್ ಸಿಗ್ನಲ್ ಮಟ್ಟವನ್ನು ಮೈನಸ್ 78 ಡಿಬಿಎಂ ಎಂದು ತೋರಿಸುತ್ತಿದೆ.

ಮೊದಲ ಉತ್ತರ ಬರೆದವರು

ಹಾಗಾದರೆ ಸಂಜೆಯ ತೊಂದರೆಯ ಮೂಲ ಸಿಕ್ಕಂತಾಯಿತು. ಲೆಕ್ಕ ಹಾಕಿ ನೋಡಿ: ಪೆಟ್ಟಿಗೆಯ ಬಫರಿನಲ್ಲಿ 2 ಮೆಗಾಬೈಟಿನಷ್ಟು ದತ್ತಾಂಶ ಕೂತಿದೆ ಎಂದುಕೊಂಡರೆ ಅದು 16 ಮೆಗಾಬಿಟ್, 50 ಎಂಬಿಪಿಎಸ್ ದಾರಿಯಲ್ಲಿ ಅದು ಖಾಲಿಯಾಗಲು 320 ಮಿಲಿಸೆಕೆಂಡು ಬೇಕು. ತಾವು ಕಂಡದ್ದು ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಕ್ಯಾಮೆರಾಗಳು ಹೊರಗಿನ ಸರ್ವರಿಗೆ ದೃಶ್ಯ ಕಳುಹಿಸುತ್ತಿದ್ದರೆ, ಅದರ ಮೇಲೆ ಫೋನುಗಳ ಬ್ಯಾಕಪ್ಪೂ ಸೇರಿದರೆ, ಸಂಜೆಯ ಹೊತ್ತಿಗೆ ಈ ಸರದಿ ತುಂಬಿಯೇ ಇರುತ್ತದೆ.

ಇದಕ್ಕೆ ಪರಿಹಾರ ಬಹಳ ವರ್ಷಗಳ ಹಿಂದೆಯೇ ಸಿದ್ಧವಾಗಿದೆ. ಸರದಿಯಲ್ಲಿ ಪ್ಯಾಕೆಟ್ಟುಗಳು ಕಾಯುವ ಅವಧಿಯನ್ನೇ ಅಳೆದು ನಿಯಂತ್ರಿಸುವ ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಅದರ ಜೊತೆಗೆ ಪ್ರತಿಯೊಂದು ಸಂಪರ್ಕಕ್ಕೂ ನ್ಯಾಯವಾದ ಪಾಲು ಕೊಡುವ ಎಫ್‌ಕ್ಯೂ-ಕೋಡೆಲ್ ಬಂದಿತು. 2018ರಲ್ಲಿ ಇನ್ನೂ ಸುಧಾರಿತವಾದ ಕೇಕ್ ಎಂಬುದು ಲಿನಕ್ಸ್ ಕರ್ನೆಲ್ಲಿನ 4.19ನೇ ಆವೃತ್ತಿಯಲ್ಲಿ ಸೇರಿತು. ರೌಟರಿನ ಸೆಟ್ಟಿಂಗಿನಲ್ಲಿ ಇವು ಸಾಮಾನ್ಯವಾಗಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿರುತ್ತವೆ. ಅಪ್‌ಲೋಡನ್ನು 45, ಡೌನ್‌ಲೋಡನ್ನು 270 ಎಂಬಿಪಿಎಸ್ಸಿಗೆ, ಅಂದರೆ ನಿಜವಾದ ವೇಗದ ಶೇಕಡ 90ಕ್ಕೆ ಕಟ್ಟಿಹಾಕಿದರೆ, ಸರದಿಯು ಸೇವಾದಾತರ ಪೆಟ್ಟಿಗೆಯಲ್ಲಿ ಬೆಳೆಯದೆ ತಮ್ಮ ರೌಟರಿನಲ್ಲಿಯೇ ನಿಲ್ಲುತ್ತದೆ, ಅಲ್ಲಿ ಅದನ್ನು ಹದ್ದುಬಸ್ತಿನಲ್ಲಿಡಲು ಸಾಧ್ಯವಾಗುತ್ತದೆ. ಆ ಶೇಕಡ 10ರ ವೇಗವನ್ನು ಬಿಟ್ಟುಕೊಡಲು ಹಲವರು ಮನಸ್ಸು ಮಾಡುವುದಿಲ್ಲ. ನನ್ನ ಮಟ್ಟಿಗೆ ಮನೆಯ ಜಾಲದಲ್ಲಿ ಇದಕ್ಕಿಂತ ಲಾಭದ ವಿನಿಮಯ ಇನ್ನೊಂದಿಲ್ಲ.

ಆದ್ದರಿಂದ ರೌಟರ್ ಆರಿಸುವಾಗ ನಾನು ಮೊದಲು ನೋಡುವುದು ಎಸ್‌ಕ್ಯೂಎಂ ಇದೆಯೇ ಎಂಬುದನ್ನು, ಆಮೇಲೆ ಅದನ್ನು ಹೊರುವ ಶಕ್ತಿ ಅದರ ಪ್ರೊಸೆಸರಿಗಿದೆಯೇ ಎಂಬುದನ್ನು. ಬಹಳಷ್ಟು ರೌಟರುಗಳು ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಅಡ್ಡದಾರಿಯಲ್ಲಿ ಪ್ಯಾಕೆಟ್ಟುಗಳನ್ನು ಮುಖ್ಯ ಪ್ರೊಸೆಸರಿಗೆ ಮುಟ್ಟಿಸದೆ ದಾಟಿಸಿ ಗಿಗಾಬಿಟ್ ವೇಗ ಸಾಧಿಸುತ್ತವೆ. ಎಸ್‌ಕ್ಯೂಎಂ ಚಾಲೂ ಮಾಡಿದರೆ ಆ ಅಡ್ಡದಾರಿಯನ್ನು ಮುಚ್ಚಬೇಕಾಗುತ್ತದೆ, ಪೂರ್ತಿ ಹೊರೆ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹಳೆಯ ಒಂದೇ ಕೋರಿನ ಪ್ರೊಸೆಸರುಗಳು ನೂರಿನ್ನೂರು ಎಂಬಿಪಿಎಸ್ಸಿನಲ್ಲೇ ಸೋಲುತ್ತವೆ; ಈಚಿನ 64 ಬಿಟ್ಟಿನ, ಎರಡು ಅಥವಾ ನಾಲ್ಕು ಕೋರಿನ ಆರ್ಮ್ ಪ್ರೊಸೆಸರಿಗೆ ತಮ್ಮ 300 ಎಂಬಿಪಿಎಸ್ ಕಷ್ಟವಲ್ಲ. ಪೆಟ್ಟಿಗೆಯ ಮೇಲೆ 'ಗೇಮಿಂಗ್ ಆದ್ಯತೆ' ಎಂದೋ 'ಸ್ಮಾರ್ಟ್ ಕ್ಯೂಒಎಸ್' ಎಂದೋ ಬರೆದಿದ್ದರೆ ಅದನ್ನೇ ಎಸ್‌ಕ್ಯೂಎಂ ಎಂದು ನಂಬಬೇಡಿ. ಅಪ್ಲಿಕೇಶನ್ನುಗಳಿಗೆ ಆದ್ಯತೆ ಹಂಚುವುದು ಬೇರೆ, ಸರದಿಯನ್ನು ಚಿಕ್ಕದಾಗಿ ಇಡುವುದು ಬೇರೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹಿಂದಿನ ಕೋಣೆಯನ್ನು ಮರೆಯಬಾರದು. ಅಲ್ಲಿಗೆ ಎಸ್‌ಕ್ಯೂಎಂ ಏನೂ ಮಾಡಲಾರದು. ಧ್ವನಿ ಮತ್ತು ವಿಡಿಯೊ ಕರೆಗೆ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಬಲವಾದ ಸಿಗ್ನಲ್ ಇರಬೇಕೆಂಬುದು ಈ ಕ್ಷೇತ್ರದವರು ಪಾಲಿಸುವ ಅಳತೆ. ಮೈನಸ್ 78 ಎಂದರೆ ಅದಕ್ಕಿಂತ 11 ಡೆಸಿಬೆಲ್ ಕಡಿಮೆ, ಅಂದರೆ ತಲುಪುತ್ತಿರುವ ಶಕ್ತಿ ಹನ್ನೆರಡರಲ್ಲಿ ಒಂದು ಪಾಲಿನಷ್ಟು. ಇದು ಆ ಕೋಣೆಯವರ ಸಂಕಟ ಮಾತ್ರವೂ ಅಲ್ಲ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಬ್ಬರೇ ಮಾತಾಡಲು ಸಾಧ್ಯ. ಸಿಗ್ನಲ್ ದುರ್ಬಲವಾದ ಸಾಧನ ತನ್ನ ದತ್ತಾಂಶವನ್ನು ನಿಧಾನವಾಗಿ ಕಳುಹಿಸುವುದರಿಂದ ಹೆಚ್ಚು ಹೊತ್ತು ಚಾನೆಲ್ಲನ್ನು ಹಿಡಿದಿಟ್ಟುಕೊಳ್ಳುತ್ತದೆ, ರೌಟರಿನ ಪಕ್ಕದಲ್ಲೇ ಕೂತವರೂ ಅಷ್ಟು ಹೊತ್ತು ಕಾಯುತ್ತಾರೆ. ವೈ-ಫೈ 6ರಲ್ಲಿ ಬಂದ ಒಎಫ್‌ಡಿಎಂಎ ತಂತ್ರವು ಒಂದೇ ಚಾನೆಲ್ಲನ್ನು ಹಲವು ಸಾಧನಗಳಿಗೆ ಒಟ್ಟಿಗೆ ಹಂಚಬಲ್ಲುದು. ಆದರೆ ಸಾಧನವೂ ವೈ-ಫೈ 6ರದ್ದಾಗಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಹೆಚ್ಚಿನವು ಇಂದಿಗೂ 2.4 ಗಿಗಾಹರ್ಟ್ಸಿನ ಹಳೆಯ ಪೀಳಿಗೆಯವು.

ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ನೋಡಿ ಆರಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಎಎಕ್ಸ್ 3000 ಎಂದರೆ 2.4 ಗಿಗಾಹರ್ಟ್ಸಿನ 574 ಮತ್ತು 5 ಗಿಗಾಹರ್ಟ್ಸಿನ 2402 ಎಂಬಿಪಿಎಸ್ಸನ್ನು ಕೂಡಿಸಿ ದುಂಡಾಗಿಸಿದ ಸಂಖ್ಯೆ. ಆ 2402 ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ಸಿಗುವ ಸೈದ್ಧಾಂತಿಕ ಗರಿಷ್ಠ. ಸಾಮಾನ್ಯ ಎರಡು ಆಂಟೆನಾದ ಫೋನು 80 ಮೆಗಾಹರ್ಟ್ಸಿನಲ್ಲಿ ಗರಿಷ್ಠ 1201ಕ್ಕೆ ಸೇರಿಕೊಳ್ಳುತ್ತದೆ, ನಿಜವಾಗಿ ಸಾಗುವುದು ಅದಕ್ಕಿಂತಲೂ ಎಷ್ಟೋ ಕಡಿಮೆ. 5 ಗಿಗಾಹರ್ಟ್ಸಿನಲ್ಲಿ 160 ಮೆಗಾಹರ್ಟ್ಸ್ ಅಗಲ ಬೇಕೆಂದರೆ ರೇಡಾರುಗಳೂ ಬಳಸುವ ಚಾನೆಲ್ಲುಗಳನ್ನು ಮುಟ್ಟಬೇಕಾಗುತ್ತದೆ, ರೇಡಾರ್ ಸುಳಿವು ಸಿಕ್ಕರೆ ರೌಟರ್ ಆ ಚಾನೆಲ್ಲನ್ನು ಬಿಟ್ಟು ಹೋಗಲೇಬೇಕು. ಸಾಧನಗಳು ಹೆಚ್ಚಿರುವ ಮನೆಗೆ 80 ಮೆಗಾಹರ್ಟ್ಸ್ ಹದವಾದದ್ದು. 2.4ರಲ್ಲಿ 20 ಮೆಗಾಹರ್ಟ್ಸ್ ಇಟ್ಟು, ಒಂದರ ಮೇಲೊಂದು ಬೀಳದ 1, 6, 11ರಲ್ಲಿ ಒಂದನ್ನು ಆರಿಸಿಕೊಳ್ಳಿ.

ವೈ-ಫೈ 7ರ ಪ್ರಮಾಣೀಕರಣ 2024ರ ಜನವರಿಯಲ್ಲಿ ಆರಂಭವಾಯಿತು. 320 ಮೆಗಾಹರ್ಟ್ಸ್ ಅಗಲದ ಚಾನೆಲ್, ಎರಡು ಬ್ಯಾಂಡುಗಳನ್ನು ಒಟ್ಟಿಗೆ ಬಳಸುವ ಎಂಎಲ್‌ಒ ಅದರ ಹೆಚ್ಚುಗಾರಿಕೆಗಳು. ಆದರೆ ಆ ಅಗಲದ ಚಾನೆಲ್ ಇರುವುದು 6 ಗಿಗಾಹರ್ಟ್ಸಿನಲ್ಲಿ ಮಾತ್ರ, ಮತ್ತು 6 ಗಿಗಾಹರ್ಟ್ಸ್ ಅಲೆಗಳು ಕಾಂಕ್ರೀಟ್ ಗೋಡೆ, ತಾರಸಿಯನ್ನು ದಾಟುವುದರಲ್ಲಿ ಮೂರು ಬ್ಯಾಂಡುಗಳ ಪೈಕಿ ಎಲ್ಲಕ್ಕಿಂತ ಹಿಂದೆ. ತಮ್ಮ ಹಿಂದಿನ ಕೋಣೆಗೆ ಆ ಮೂರನೆಯ ಬ್ಯಾಂಡ್ ಮೂಲೆಯ ಪೆಟ್ಟಿಗೆಯಿಂದ ತಲುಪುವ ಭರವಸೆ ನನಗಿಲ್ಲ. ಅದೇ ಹಣವನ್ನು ಮೇಲಂತಸ್ತಿಗೆ ಒಂದು ಈಥರ್‌ನೆಟ್ ಕೇಬಲ್ ಎಳೆಸಿ, ಅಲ್ಲೊಂದು ಸಾಧಾರಣ ವೈ-ಫೈ 6 ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಿಂದ ಬಂದ ಸಂಪರ್ಕವನ್ನು ವೈ-ಫೈ ಆಗಿ ಹರಡುವ ಪೆಟ್ಟಿಗೆ) ಕೂರಿಸಲು ಬಳಸಿದರೆ ಫಲ ಕಣ್ಣಿಗೆ ಕಾಣುವಂತಿರುತ್ತದೆ. ಕೇಬಲ್ ಇಲ್ಲದೆ ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಅದರಲ್ಲೇ ಹೇಳುವ ರಿಪೀಟರ್ ಇಟ್ಟರೆ ವೇಗ ಅರ್ಧಕ್ಕಿಳಿಯುತ್ತದೆ, ಚಾನೆಲ್ಲಿನ ದಟ್ಟಣೆಯೂ ಹೆಚ್ಚುತ್ತದೆ. ಕೇಬಲ್ ಎಳೆಸುವುದು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಮೂರು ಬ್ಯಾಂಡಿನ ಮೆಶ್ ಸಾಧನಗಳಿಗೆ, ಅಂದರೆ ಹಲವು ಪೆಟ್ಟಿಗೆಗಳು ಸೇರಿ ಒಂದೇ ಜಾಲವಾಗುವಂಥವಕ್ಕೆ, ಹೋಗಿ. ಅಲ್ಲಿ ಮೂರನೆಯ ಬ್ಯಾಂಡ್ ಪೆಟ್ಟಿಗೆಗಳ ನಡುವಣ ಮಾತುಕತೆಗೆ ಮೀಸಲಾಗುತ್ತದೆ, ಅದು ಸಾರ್ಥಕ ಬಳಕೆ.

ಟಿವಿ, ಪ್ರಿಂಟರುಗಳಂತೆ ಇದ್ದಲ್ಲೇ ಇರುವ ಸಾಧನಗಳನ್ನೂ ಕೇಬಲ್ಲಿಗೆ ಜೋಡಿಸಿಬಿಡಿ. ಗಾಳಿಯಿಂದ ಇಳಿಸಿದ ಪ್ರತಿಯೊಂದು ಸಾಧನವೂ ಉಳಿದವಕ್ಕೆ ಜಾಗ ಬಿಡುತ್ತದೆ.

ಮೂರನೆಯ ಉತ್ತರ

ಎಲ್ಲವೂ ಒಂದರಲ್ಲೇ ಎಂಬ ಆಸೆಯ ಬಗ್ಗೆ ಎರಡು ಮಾತು. ಫೈಬರ್ ಸಂಪರ್ಕದಲ್ಲಿ ಫೈಬರಿನ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿ ಎಂಬ ಭಾಗವು ಸೇವಾದಾತರ ಕೇಂದ್ರದ ಉಪಕರಣದಲ್ಲಿ ನೋಂದಣಿಯಾಗಿರಬೇಕು, ಆದ್ದರಿಂದ ಅದನ್ನು ತಮ್ಮ ಹೊಸ ರೌಟರಿನೊಳಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಆಗದ ಮಾತು. ಈಗಿನ ಪೆಟ್ಟಿಗೆ ಉಳಿಯುತ್ತದೆ. ಅದನ್ನು ಬ್ರಿಜ್ ಸ್ಥಿತಿಗೆ (ರೌಟರಿನ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಬದಲಿಸಿಕೊಡುವಂತೆ ಸೇವಾದಾತರನ್ನು ಕೇಳಿ, ಇಲ್ಲದಿದ್ದರೆ ಎರಡು ಕಡೆ ವಿಳಾಸ ಪರಿವರ್ತನೆ ನಡೆದು ಹೊರಗಿನಿಂದ ವಿಪಿಎನ್ ಮೂಲಕ ಮನೆಗೆ ಬರುವುದು ತ್ರಾಸದಾಯಕವಾಗುತ್ತದೆ. ಜೊತೆಗೆ ತಮ್ಮ ರೌಟರಿಗೆ ಹೊರಗಡೆಯಿಂದ ಸಿಗುವ ಐಪಿ ವಿಳಾಸವನ್ನೂ ನೋಡಿಕೊಳ್ಳಿ. ಅದು 100.64ರಿಂದ 100.127ರವರೆಗಿನ ಯಾವುದರಿಂದಲಾದರೂ ಆರಂಭವಾಗುತ್ತಿದ್ದರೆ ಸೇವಾದಾತರೇ ಹಲವು ಮನೆಗಳಿಗೆ ಒಂದು ವಿಳಾಸ ಹಂಚುತ್ತಿದ್ದಾರೆ ಎಂದರ್ಥ. ಆಗ ರೌಟರಿನಲ್ಲಿ ಎಂಥ ವಿಪಿಎನ್ ಸರ್ವರ್ ಇದ್ದರೂ ಐಪಿವಿ4ರಲ್ಲಿ ಹೊರಗಿನಿಂದ ನೇರವಾಗಿ ತಲುಪಲಾಗದು. ಸಾರ್ವಜನಿಕ ವಿಳಾಸ ಕೇಳಬೇಕು ಅಥವಾ ಐಪಿವಿ6 ಬಳಸಬೇಕು. ವಿಪಿಎನ್ ಬೇಕೆಂದಿದ್ದರೆ ವೈರ್‌ಗಾರ್ಡ್ ಇರುವುದನ್ನೇ ಆರಿಸಿ. ಇಂಥ ಚಿಕ್ಕ ಪ್ರೊಸೆಸರಿನ ಮೇಲೆ ಅದು ಓಪನ್ ವಿಪಿಎನ್‌ಗಿಂತ ಹಗುರ.

ಯುಎಸ್‌ಬಿ ಡಿಸ್ಕಿನ ಹಂಚಿಕೆಯನ್ನು ಕೈಬಿಡಿ ಎಂಬುದು ನನ್ನ ಸಲಹೆ. ಎಸ್‌ಕ್ಯೂಎಂ ನಡೆಸುತ್ತಿರುವ ಪ್ರೊಸೆಸರಿಗೇ ಕಡತ ಹಂಚುವ ಹೊರೆಯನ್ನೂ ಹೇರುವುದು ಒಂದು ತೊಡಕು. ಇನ್ನೊಂದು ಹೆಚ್ಚು ಜನರ ಗಮನಕ್ಕೆ ಬಾರದ್ದು: ಯುಎಸ್‌ಬಿ 3.0 ಸಂಪರ್ಕವು 2.4 ಗಿಗಾಹರ್ಟ್ಸಿನ ಸುತ್ತ ರೇಡಿಯೊ ಗದ್ದಲ ಹೊರಡಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ತನ್ನ ತಾಂತ್ರಿಕ ಪ್ರಬಂಧದಲ್ಲಿ ತೋರಿಸಿದೆ. ಆಂಟೆನಾದ ಬುಡದಲ್ಲೇ ಡಿಸ್ಕ್ ಸಿಕ್ಕಿಸಿದರೆ ಮೊದಲು ಬಳಲುವವು ತಮ್ಮ ಬಲ್ಬು, ಪ್ಲಗ್ಗುಗಳೇ.

ಬಾಳಿಕೆಯನ್ನು ನಿರ್ಧರಿಸುವುದು ಯಂತ್ರಭಾಗಕ್ಕಿಂತ ಹೆಚ್ಚಾಗಿ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ. ಇಡೀ ಮನೆಯ ಮತ್ತು ಹೊರಜಗತ್ತಿನ ನಡುವೆ ನಿಂತಿರುವ ಸಾಧನಕ್ಕೆ ಭದ್ರತಾ ಪರಿಷ್ಕರಣೆ ನಿಂತುಹೋದರೆ, ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದರೂ ಅದನ್ನು ಬಳಸಬಾರದು. ತಯಾರಕರು ಎಷ್ಟು ವರ್ಷ ಪರಿಷ್ಕರಣೆ ಕೊಡುತ್ತೇವೆಂದು ಬರಹದಲ್ಲಿ ಹೇಳಿರುವರೋ ನೋಡಿ. ಹೇಳಿಲ್ಲವಾದರೆ ಓಪನ್ ಡಬ್ಲ್ಯುಆರ್‌ಟಿ ಬೆಂಬಲವಿರುವ ಮಾದರಿಯನ್ನೇ ಆರಿಸಿ. 2004ರಿಂದ ನಡೆದುಬಂದಿರುವ ಈ ಮುಕ್ತ ತಂತ್ರಾಂಶವು ತಯಾರಕರು ಕೈಬಿಟ್ಟ ಎಷ್ಟೋ ರೌಟರುಗಳನ್ನು ಇಂದಿಗೂ ಸುರಕ್ಷಿತವಾಗಿ ನಡೆಸುತ್ತಿದೆ, ಎಸ್‌ಕ್ಯೂಎಂ, ವೈರ್‌ಗಾರ್ಡ್ ಎರಡೂ ಅದರಲ್ಲಿ ಲಭ್ಯ. ಮೀಡಿಯಾಟೆಕ್‌ನ ಫಿಲಾಜಿಕ್ ಸರಣಿಯ ಚಿಪ್ ಇರುವ ಮಾದರಿಗಳಿಗೆ ಅದರ ಬೆಂಬಲ ಚೆನ್ನಾಗಿದೆ; ಬ್ರಾಡ್‌ಕಾಮ್ ವೈ-ಫೈ ಚಿಪ್ ಇರುವವುಗಳಿಗೆ ಮುಕ್ತ ಡ್ರೈವರಿನ ಕೊರತೆಯಿಂದ ಆ ಮಾತು ಹೇಳುವಂತಿಲ್ಲ. ಮೆಮೊರಿ 512 ಮೆಗಾಬೈಟ್ ಇದ್ದರೆ ನಿಶ್ಚಿಂತೆ.

ಕ್ಯಾಮೆರಾ, ಬಲ್ಬು, ಪ್ಲಗ್ಗುಗಳನ್ನು ಪ್ರತ್ಯೇಕ ಜಾಲದಲ್ಲಿಡಿ. ಅತಿಥಿ ಜಾಲವಿದ್ದರೂ ನಡೆದೀತು, ವಿಎಲ್‌ಎಎನ್ (ಒಂದೇ ಜಾಲವನ್ನು ಪ್ರತ್ಯೇಕ ಭಾಗಗಳಾಗಿ ಒಡೆಯುವ ಸೌಲಭ್ಯ) ಇದ್ದರೆ ಇನ್ನೂ ಮೇಲು. ಆ ಸಾಧನಗಳಲ್ಲಿ ಹಲವು ವೈ-ಫೈ ಭದ್ರತೆಯ ಹಳೆಯ ವಿಧಾನವಾದ ಡಬ್ಲ್ಯುಪಿಎ2 ಮಾತ್ರ ಬಲ್ಲವು. ಪ್ರತ್ಯೇಕ ಜಾಲವಿದ್ದರೆ ಅವುಗಳಿಗಾಗಿ ಲ್ಯಾಪ್‌ಟಾಪುಗಳ ಡಬ್ಲ್ಯುಪಿಎ3 ಭದ್ರತೆಯನ್ನು ಸಡಿಲಿಸಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ವಂದನೆಗಳು. ಮೇಲಂತಸ್ತಿಗೆ ಕೇಬಲ್ ಎಳೆಯಲು ವಿದ್ಯುತ್ ತಂತಿಯ ಕೊಳವೆಯ ಪಕ್ಕದಲ್ಲೇ ಒಂದು ಖಾಲಿ ಕೊಳವೆ ಇದೆ. ಹಾಗಿದ್ದರೆ ರೌಟರ್ ಮತ್ತು ಆಕ್ಸೆಸ್ ಪಾಯಿಂಟ್ ಎರಡನ್ನೂ ಒಟ್ಟಿಗೆ ಕೊಳ್ಳಲೇ, ಒಂದಾದ ಮೇಲೊಂದೇ?

ಮೊದಲ ಉತ್ತರ ಬರೆದವರು

ಖಾಲಿ ಕೊಳವೆ ಇರುವುದು ತಮ್ಮ ಅದೃಷ್ಟ. ಕ್ಯಾಟ್ 6 ಕೇಬಲ್ಲನ್ನು ಎರಡು ಎಳೆ ಎಳೆಸಿ; ಒಂದಕ್ಕೆ ಮುಂದೆಂದಾದರೂ ಪೆಟ್ಟು ಬಿದ್ದರೆ ಇನ್ನೊಂದು ಇರುತ್ತದೆ. ವಿದ್ಯುತ್ ತಂತಿಯಿರುವ ಕೊಳವೆಯೊಳಗೆ ಮಾತ್ರ ಅದನ್ನು ತೂರಿಸಬೇಡಿ. ಮೊದಲು ಎಸ್‌ಕ್ಯೂಎಂ ಇರುವ, ಎರಡು ಬ್ಯಾಂಡಿನ ವೈ-ಫೈ 6 ರೌಟರೊಂದನ್ನು ತಂದು, ಮೂಲೆಯಿಂದ ಆದಷ್ಟು ನಡುಮನೆಯ ಕಡೆಗೆ, ಎತ್ತರದಲ್ಲಿ ಇಡಿ. ಎಸ್‌ಕ್ಯೂಎಂ ಮಿತಿಗಳನ್ನು ಹಾಕಿ, ಈಗ ಮಾಡಿದ ಪಿಂಗ್ ಪರೀಕ್ಷೆಯನ್ನೇ ಮತ್ತೆ ಮಾಡಿ. ಅಪ್‌ಲೋಡ್ ನಡೆಯುವಾಗ ಅದು 30 ಮಿಲಿಸೆಕೆಂಡಿನೊಳಗೆ ನಿಂತರೆ ರೌಟರಿನ ಆಯ್ಕೆ ಸರಿಯಾಗಿದೆ. ನಿಲ್ಲದಿದ್ದರೆ ಮಿತಿಯನ್ನು 42, 40 ಎಂದು ಇಳಿಸುತ್ತಾ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ ಮುಗಿಸಿ. ಆಮೇಲೆ ಹಿಂದಿನ ಕೋಣೆಯ ಸಿಗ್ನಲ್ ಅಳೆದು, ಮೈನಸ್ 67ಕ್ಕೆ ಇನ್ನೂ ಬಾರದಿದ್ದರೆ ಆಕ್ಸೆಸ್ ಪಾಯಿಂಟ್ ತನ್ನಿ. ಅದನ್ನು ರೌಟರ್ ಬಳಸದ ಬೇರೆ ಚಾನೆಲ್ಲಿನಲ್ಲಿ, ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ನಡೆಸಿ.