ಸವಾರಿ ಮುಗಿದ ಮೇಲೆ ಇಂಜಿನ್ ಬಂದ್ ಮಾಡುವುದು ಹೇಗೆ? ಪುಣೆ ಬಳಗದ ಪ್ರಶ್ನೋತ್ತರ

ಪುಣೆಯ ನಮ್ಮ ಕನ್ನಡ ಬೈಕ್ ಗುಂಪಿನಲ್ಲಿ ಈ ವಾರ ಬಂದ ಪ್ರಶ್ನೆಗಳು ಇವು. ಉತ್ತರ ಕೊಟ್ಟವರು ಭೋಸರಿಯಲ್ಲಿ ಗ್ಯಾರೇಜ್ ನಡೆಸುವ ನಮ್ಮ ಸದಸ್ಯರು. ಊರು ವಿಜಯಪುರದ ಕಡೆ.

ಪ್ರಶ್ನೆ, ಹಿಂಜವಡಿಯಿಂದ: ನಮ್ಮ ಊರು ಬೆಳಗಾವಿ. ತಿಂಗಳಿಗೊಮ್ಮೆ ಬೈಕ್‌ನಲ್ಲೇ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 350 ಕಿಲೋಮೀಟರ್. ಗಾಡಿ 150 ಸಿಸಿ, ಏರ್ ಕೂಲ್ಡ್. ಮನೆ ಮುಟ್ಟಿದ ಮೇಲೆ ಐದು ನಿಮಿಷ ಇಂಜಿನ್ ಚಾಲೂ ಇಟ್ಟು ಆಮೇಲೆ ಬಂದ್ ಮಾಡು, ಇಲ್ಲದಿದ್ದರೆ ಕೆಡುತ್ತದೆ ಅಂತ ಗೆಳೆಯ ಹೇಳುತ್ತಾನೆ. ಅವನ ಡೀಸೆಲ್ ಕಾರಿಗೆ ಸ್ವಲ್ಪ ಹೊತ್ತು ಹಾಗೆ ಮಾಡುತ್ತಾನಂತೆ. ಬೈಕಿಗೂ ಬೇಕಾ?

ಉತ್ತರ: ಬೇಡ. ಗೆಳೆಯನ ಮಾತು ಅವನ ಕಾರಿನಿಂದ ಬಂದದ್ದು. ಡೀಸೆಲ್ ಕಾರಿನಲ್ಲಿ ಟರ್ಬೊ ಇರುತ್ತದೆ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಯಂತ್ರ. ಅದರ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗಬಲ್ಲದು, ಅದೂ ಸೈಲೆನ್ಸರ್‌ಗೆ ಹೋಗುವ ಸುಡುವ ಹೊಗೆಯ ನಡುವೆ. ಜೋರಾಗಿ ಓಡಿಸಿ ತಟ್ಟನೆ ಬಂದ್ ಮಾಡಿದರೆ ಅದರ ಬೇರಿಂಗ್‌ಗೆ ಆಯಿಲ್ ಹರಿಯುವುದು ನಿಲ್ಲುತ್ತದೆ. ಅಲ್ಲೇ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಅದಕ್ಕೇ ಅಲ್ಲಿ ಸ್ವಲ್ಪ ಹೊತ್ತು ಕಾಯುವುದು. ನಿಮ್ಮ ಗಾಡಿಯಲ್ಲಿ ಟರ್ಬೊ ಇಲ್ಲವಲ್ಲ.

ನಿಮ್ಮ ಇಂಜಿನ್ನನ್ನು ತಣಿಸುವುದು ಎದುರಿನಿಂದ ಬರುವ ಗಾಳಿ. ಸುಟ್ಟ ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಗಾಡಿ ಓಡಿಸುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ. ಅದರಲ್ಲಿ ಒಂದು ಪಾಲು ಸೈಲೆನ್ಸರ್‌ನಿಂದ ಹೊರಗೆ, ಇನ್ನೊಂದು ಪಾಲು ಬ್ಲಾಕ್‌ನ (ಇಂಜಿನ್‌ನ ಲೋಹದ ಮೈ) ಮೇಲಿರುವ ಫಿನ್‌ಗಳ, ಅಂದರೆ ತೆಳು ಪಟ್ಟಿಗಳ ಮೂಲಕ ಗಾಳಿಗೆ. ಗಾಡಿ ನಿಂತಿತು ಅಂದರೆ ಆ ಗಾಳಿಯೂ ನಿಂತಿತು. ಆದರೆ ಇಂಜಿನ್ ಒಳಗೆ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಹಾಲಿನ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಇಟ್ಟರೆ ಹಾಲು ಆರುತ್ತದೆಯೇ? ಐದು ನಿಮಿಷ ನಿಲ್ಲಿಸಿ ಓಡಿಸುವುದೂ ಅಷ್ಟೇ. ಸಾಲದ್ದಕ್ಕೆ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಚಾಲೂ ಇದ್ದಾಗ, ಆಯಿಲ್ ಪಂಪ್ ಕೂಡ ನಿಧಾನವಾಗಿ ತಿರುಗುತ್ತದೆ.

ತಣಿಸುವ ಕೆಲಸ ಗೇಟಿಗೆ ಬರುವ ಮೊದಲೇ ಆಗಬೇಕು. ಕೊನೆಯ ಎರಡು ಕಿಲೋಮೀಟರ್ ಹಗುರವಾಗಿ ಬನ್ನಿ. ಟಾಪ್ ಗೇರ್, ಸಣ್ಣ ರೇಸ್, ನಲವತ್ತರ ಆಸುಪಾಸು. ಇಂಜಿನ್ ಮೇಲೆ ಭಾರ ಕಮ್ಮಿ, ಗಾಳಿ ಮಾತ್ರ ಸಿಗುತ್ತಲೇ ಇರುತ್ತದೆ. ಮನೆ ಮುಂದೆ ನ್ಯೂಟ್ರಲ್ ಮಾಡಿ, ಬಂದ್ ಮಾಡಿ, ಇಳಿಯಿರಿ. ಮುಗಿಯಿತು.

ಅವರದೇ ಮರುಪ್ರಶ್ನೆ: ನನಗೆ ಕೊನೆಯ ಎರಡು ಕಿಲೋಮೀಟರ್ ಸಿಗುವುದೇ ಇಲ್ಲ ಸರ್. ವಾಕಡ್ ಬಂದ ಕೂಡಲೇ ಜಾಮ್. ಅಲ್ಲಿಂದ ಮನೆಯವರೆಗೆ ಒಂದನೇ ಗೇರ್, ಎರಡನೇ ಗೇರ್.

ಉತ್ತರ: ನಿಜ, ಹಿಂಜವಡಿ ರಸ್ತೆ ನನಗೂ ಗೊತ್ತು. ಹಾಗಾದರೆ ನಿಮ್ಮ ಎರಡು ಕಿಲೋಮೀಟರ್ ಹೈವೇ ಮೇಲೆಯೇ ಶುರುವಾಗಲಿ. ವಾಕಡ್‌ಗೆ ಮುಂಚೆಯೇ ವೇಗ ಇಳಿಸಿ. ಜಾಮ್‌ನಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು ಅನಿಸಿದರೆ ಬಂದ್ ಮಾಡಿಬಿಡಿ. ಹಾಫ್ ಕ್ಲಚ್ ಹಿಡಿದು ರೇಸ್ ಕೊಡುತ್ತಾ ತೆವಳಬೇಡಿ. ಅದರಿಂದ ಇಂಜಿನ್ನೂ ಕಾಯುತ್ತದೆ, ಕ್ಲಚ್ ಪ್ಲೇಟೂ ಸುಡುತ್ತದೆ.

ಪ್ರಶ್ನೆ, ಕೋಥರೂಡ್‌ನಿಂದ: ನನ್ನದು ಲಿಕ್ವಿಡ್ ಕೂಲ್ಡ್ ಗಾಡಿ. ಬಂದ್ ಮಾಡಿದ ಮೇಲೂ ಒಮ್ಮೊಮ್ಮೆ ಫ್ಯಾನ್ ತಿರುಗುತ್ತಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ಹಾಕಿ ನೋಡಿದರೆ ಟೆಂಪರೇಚರ್ ಮೊದಲಿಗಿಂತ ಮೇಲೆ ಹೋಗಿರುತ್ತದೆ. ಏನಾದರೂ ಕೆಟ್ಟಿದೆಯಾ?

ಉತ್ತರ: ಏನೂ ಕೆಟ್ಟಿಲ್ಲ. ನಮ್ಮ ಕಡೆ ಒಲೆ ಆರಿಸಿದ ಮೇಲೂ ಹಂಚಿನ ಬಿಸಿಗೇ ಕೊನೆಯ ರೊಟ್ಟಿ ಬೇಯುತ್ತದೆ, ನೋಡಿದ್ದೀರಲ್ಲ? ಇಲ್ಲೂ ಹಾಗೇ. ನೀರಿನ ಪಂಪ್ ತಿರುಗುವುದು ಇಂಜಿನ್‌ನಿಂದ. ಇಂಜಿನ್ ನಿಂತರೆ ಕೂಲಂಟ್, ಅಂದರೆ ತಣಿಸುವ ದ್ರವ, ಹರಿಯುವುದೂ ನಿಲ್ಲುತ್ತದೆ. ಇಂಜಿನ್‌ನ ಮೇಲ್ಭಾಗದ ಹೆಡ್‌ನಲ್ಲಿ ಕೂತಿದ್ದ ಬಿಸಿ ನಿಂತ ಕೂಲಂಟ್‌ಗೆ ಇಳಿಯುತ್ತದೆ, ಕೆಲವು ನಿಮಿಷ ಮೀಟರ್ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಕೆಲವು ಗಾಡಿಗಳಲ್ಲಿ ಬಂದ್ ಮಾಡಿದ ಮೇಲೂ ಫ್ಯಾನ್ ತಿರುಗುವ ಹಾಗೆ ಕಂಪನಿಯೇ ಮಾಡಿರುತ್ತದೆ. ಅದು ತಾನಾಗಿ ನಿಲ್ಲಲಿ, ಬಿಡಿ.

ನಿಮ್ಮ ಗಾಡಿಗೆ ಫ್ಯಾನ್ ಇರುವುದರಿಂದ ಜೋರಾಗಿ ಓಡಿಸಿ ಬಂದಾಗ ಅರ್ಧ ನಿಮಿಷ, ಒಂದು ನಿಮಿಷ ಐಡಲ್ ಬಿಟ್ಟರೆ ತಪ್ಪಿಲ್ಲ. ಕೂಲಂಟ್ ಹರಿದು ಹೆಡ್‌ನ ಬಿಸಿ ಎಳೆದುಕೊಳ್ಳುತ್ತದೆ. ಏರ್ ಕೂಲ್ಡ್ ಗಾಡಿಯವರು ಇದನ್ನು ಓದಿ ತಮಗೂ ಅನ್ವಯಿಸಿಕೊಳ್ಳಬೇಡಿ. ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ: ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. ಒಳಗೆ ಒತ್ತಡ ಇರುತ್ತದೆ. ತೆಗೆದ ಕ್ಷಣ ಕುದಿಯುವ ಕೂಲಂಟ್ ಮುಖಕ್ಕೇ ಹಾರುತ್ತದೆ. ಲೆವೆಲ್ ನೋಡುವುದಿದ್ದರೆ ಬೆಳಿಗ್ಗೆ, ತಣ್ಣಗಿರುವಾಗ, ರಿಸರ್ವ್ ಡಬ್ಬಿಯ ಎರಡು ಗೆರೆಗಳ ನಡುವೆ ಇದೆಯಾ ಅಂತ ನೋಡಿ.

ಪ್ರಶ್ನೆ, ನಿಗಡಿಯಿಂದ: ಹೋದ ಭಾನುವಾರ ತಾಮ್ಹಿಣಿ ಘಾಟ್‌ಗೆ ಹೋಗಿದ್ದೆವು. ಝರಿ ಹತ್ತಿರ ನಿಲ್ಲಿಸಿದಾಗ ಜೊತೆಯವನೊಬ್ಬ ಇಂಜಿನ್ ಬೇಗ ತಣ್ಣಗಾಗಲಿ ಅಂತ ಬಾಟಲಿಯಲ್ಲಿ ನೀರು ತಂದು ಸುರಿದ. ಬುಸ್ಸೆಂದು ಹಬೆ ಎದ್ದಿತು. ಮಳೆಯಲ್ಲಿ ಹೇಗೂ ನೀರು ಬೀಳುತ್ತದಲ್ಲ ಅಂತ ಅವನ ವಾದ.

ಉತ್ತರ: ಅವನಿಗೆ ನನ್ನ ಹೆಸರಿನಲ್ಲೇ ಹೇಳಿ, ಇನ್ನೊಮ್ಮೆ ಹಾಗೆ ಮಾಡಬೇಡ ಅಂತ. ಮಳೆ ಹನಿ ಹನಿಯಾಗಿ ಬೀಳುತ್ತದೆ, ಓಡುವಾಗ ಇಂಜಿನ್ ಅಷ್ಟು ಕಾಯುವುದೂ ಇಲ್ಲ. ನಿಂತ ಗಾಡಿಯ ಒಂದೇ ಕಡೆಗೆ ಒಂದು ಲೀಟರ್ ತಣ್ಣೀರು ಸುರಿಯುವುದು ಬೇರೆಯೇ. ಕಾದ ಮಣ್ಣಿನ ಹಂಚಿಗೆ ನೀರು ಚೆಲ್ಲಿದರೆ ಏನಾಗುತ್ತದೆ ಅಂತ ನಿಮ್ಮ ಅಜ್ಜಿಯನ್ನು ಕೇಳಿ. ಇಂಜಿನ್‌ನಲ್ಲಿ ಇನ್ನೂ ಕಷ್ಟ, ಯಾಕೆಂದರೆ ಅದು ಒಂದೇ ಲೋಹ ಅಲ್ಲ. ಹೆಡ್ ಅಲ್ಯೂಮಿನಿಯಂ, ಅದನ್ನು ಹಿಡಿದ ಬೋಲ್ಟ್ ಉಕ್ಕು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಿಧಾನವಾಗಿ ಆರಿದರೆ ಎಲ್ಲ ಹೊಂದಿಕೊಂಡು ಕುಗ್ಗುತ್ತವೆ. ಒಂದು ಕಡೆ ತಟ್ಟನೆ ತಣ್ಣಗಾದರೆ ಒಂದನ್ನೊಂದು ಎಳೆದಾಡುತ್ತವೆ. ಗ್ಯಾಸ್ಕೆಟ್ (ಜೋಡಣೆಯ ನಡುವಿನ ಪದರ) ಲೀಕ್, ಫಿನ್ ಬಿರುಕು, ಕಾದ ಬ್ರೇಕ್ ಡಿಸ್ಕ್ ಸೊಟ್ಟ ಆಗುವುದು, ಇದೆಲ್ಲ ಹೀಗೆ ಆಗಬಹುದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನದೇ ಗಾಡಿಗೆ ಹೀಗಾಗಿತ್ತು. ಸೊಲ್ಲಾಪುರದಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಬಂದವನು ನೇರ ವಾಷಿಂಗ್‌ಗೆ ಕೊಟ್ಟೆ. ಪ್ರೆಶರ್ ಪೈಪ್ ಹಿಡಿದ ಹುಡುಗ ಮೊದಲು ನೀರು ಹೊಡೆದದ್ದೇ ಹೆಡ್ ಮೇಲೆ. ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿ ಬಿರುಕು ಬಿಟ್ಟಿತು. ಮನೆಗೆ ಎರಡು ಕಿಲೋಮೀಟರ್ ತಳ್ಳಿಕೊಂಡು ಹೋದೆ. ಹುಡುಗನ ತಪ್ಪಲ್ಲ, ಗಾಡಿ ಕಾದಿದೆ ಅಂತ ನಾನು ಹೇಳಬೇಕಿತ್ತು. ಇಂದಿಗೂ ನನ್ನ ಗ್ಯಾರೇಜಿನಲ್ಲಿ ಕೈ ಇಟ್ಟು ನೋಡದೆ ಯಾವ ಗಾಡಿಗೂ ನೀರು ಹಾಕುವುದಿಲ್ಲ. ಬ್ಲಾಕ್ ಮೇಲೆ ಅಂಗೈ ಆರಾಮಾಗಿ ಇಡಲು ಆಗಬೇಕು. ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕಾಗುತ್ತದೆ.

ಪ್ರಶ್ನೆ: ಬಂದ್ ಮಾಡಿದ ಮೇಲೆ ಟಿಣ್ ಟಿಣ್ ಅಂತ ಸದ್ದು ಬರುತ್ತದೆ. ಹೆದರಬೇಕಾ?

ಉತ್ತರ: ಬೇಡ. ಸೈಲೆನ್ಸರ್ ಪೈಪ್, ಅದರ ಶೀಲ್ಡ್ ಆರುತ್ತಾ ಕುಗ್ಗುವ ಸದ್ದು ಅದು.

ಪ್ರಶ್ನೆ, ಆಕುರ್ಡಿಯಿಂದ: ನಮ್ಮಪ್ಪ ಬಂದ್ ಮಾಡುವ ಮೊದಲು ಒಂದು ಸಲ ಜೋರಾಗಿ ರೇಸ್ ಕೊಟ್ಟೇ ಕೀ ತಿರುಗಿಸುತ್ತಾರೆ. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತದೆ ಅನ್ನುತ್ತಾರೆ. ಚೇತಕ್ ಕಾಲದ ಅಭ್ಯಾಸ.

ಉತ್ತರ: ನಿಮ್ಮ ಆಕುರ್ಡಿಯಲ್ಲೇ ತಯಾರಾದ ಸ್ಕೂಟರ್ ಅದು, ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಹಳೆಯ ಚೇತಕ್ ಟೂ ಸ್ಟ್ರೋಕ್. ಪೆಟ್ರೋಲ್‌ನಲ್ಲೇ ಆಯಿಲ್ ಬೆರೆಸಿರುತ್ತಿತ್ತು. ಕೊನೆಯ ರೇಸ್‌ಗೆ ಒಳಗೆ ಹೋದ ಪೆಟ್ರೋಲ್ ಜೊತೆಗೆ ಒಂದಿಷ್ಟು ಆಯಿಲೂ ಹೋಗುತ್ತಿತ್ತು, ಹಾಗಾಗಿ ದೊಡ್ಡ ಹಾನಿ ಇರಲಿಲ್ಲ. ಫೋರ್ ಸ್ಟ್ರೋಕ್ ಕಾರ್ಬ್ಯುರೇಟರ್ ಗಾಡಿಯಲ್ಲಿ ಬರೀ ಪೆಟ್ರೋಲ್ ಹೋಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಗಾಡಿಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಬೆಳಿಗ್ಗೆ ಎಷ್ಟು ಪೆಟ್ರೋಲ್ ಬೇಕು ಅಂತ ಗಾಡಿಯೇ ಲೆಕ್ಕ ಹಾಕುತ್ತದೆ. ಅಪ್ಪನಿಗೆ ಬೈದು ಹೇಳಬೇಡಿ, ಈ ಕಾರಣ ಹೇಳಿ, ಕೇಳುತ್ತಾರೆ. ಹಾಂ, ಆ ಕಾಲದವರ ಇನ್ನೊಂದು ಅಭ್ಯಾಸ, ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಮುಚ್ಚುವುದು, ಅದು ಬಹಳ ಒಳ್ಳೆಯದು. ಕಾಕ್ ಇರುವ ಗಾಡಿಯವರು ಎಲ್ಲರೂ ಕಲಿಯಿರಿ. ಕಾರ್ಬ್ಯುರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಸೋರುತ್ತದೆ.

ಪ್ರಶ್ನೆ: ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್‌ನಿಂದ ಬಂದ್ ಮಾಡಿದರೆ ಹಾಳಾಗುತ್ತದಾ?

ಉತ್ತರ: ಇಲ್ಲ. ಕೀ ತಿರುಗಿಸುವುದನ್ನು ಮರೆತರೆ ಬ್ಯಾಟರಿ ಖಾಲಿ, ಅಷ್ಟೇ.

ಪ್ರಶ್ನೆ, ಡೊಂಬಿವಲಿಯಿಂದ: ಮುಂಬೈ ಕಡೆಯಿಂದ ಬರುವಾಗ ಬೈಕಿನವರನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುವುದಿಲ್ಲ, ಹಳೆ ರಸ್ತೆಯೇ ಗತಿ. ಖಂಡಾಲಾ ಘಾಟ್ ಹತ್ತಿದ ಕೂಡಲೇ ಚಹಾಕ್ಕೆ ನಿಲ್ಲಿಸುತ್ತೇವೆ. ಹಿಂದೆ ಹೆಂಡತಿ, ಮೇಲೆ ಬ್ಯಾಗು. ಗಾಡಿ ವಿಪರೀತ ಕಾದಿರುತ್ತದೆ.

ಉತ್ತರ: ಘಾಟ್ ತುದಿಯೇ ಇಂಜಿನ್ ಅತಿ ಹೆಚ್ಚು ಕಾದಿರುವ ಜಾಗ. ಭಾರ ಜಾಸ್ತಿ, ವೇಗ ಕಮ್ಮಿ, ಗಾಳಿ ಕಮ್ಮಿ. ಅಲ್ಲೇ ನಿಲ್ಲಿಸಬೇಡಿ. ಲೋಣಾವಳದ ಸಪಾಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಹಗುರವಾಗಿ ಓಡಿಸಿ, ಆಮೇಲೆ ಸಿಗುವ ಟಪರಿಯಲ್ಲಿ ಚಹಾ ಕುಡಿಯಿರಿ. ನೆರಳಿನಲ್ಲಿ, ಗಾಳಿ ಬೀಸುವ ಕಡೆ ಮುಖ ಮಾಡಿ ನಿಲ್ಲಿಸಿ. ಬೇಸಿಗೆಯಲ್ಲಿ ಒಣ ಹುಲ್ಲಿನ ಮೇಲೆ ಮಾತ್ರ ಬೇಡ. ಸೈಲೆನ್ಸರ್ ಒಳಗಿನ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದಿರುತ್ತದೆ, ಸಹ್ಯಾದ್ರಿಯ ಹುಲ್ಲಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಪಕ್ಕದಲ್ಲಿ ಮಕ್ಕಳು ಆಡುತ್ತಿದ್ದರೆ ಸೈಲೆನ್ಸರ್ ಇರುವ ಬದಿಯನ್ನು ಗೋಡೆ ಕಡೆ ಮಾಡಿ. ಯಾರಿಗಾದರೂ ತಾಗಿದರೆ ಪೇಸ್ಟ್ ಹಚ್ಚಬೇಡಿ. 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸಿ.

ಮನೆ ಮುಟ್ಟಿದ ಮೇಲೆ ಕವರ್ ಹಾಕುವ ಆತುರವೂ ಬೇಡ. ಸೈಲೆನ್ಸರ್‌ಗೆ ಕವರ್ ಅಂಟಿದರೆ ಆ ಕಲೆ ಹೋಗುವುದಿಲ್ಲ. ಊಟ ಮಾಡಿ ಬಂದು ಹಾಕಿ.